ಶಿಷ್ಟಾಚಾರ ಉಪಸಮಿತಿಯ ಹೆಜ್ಜೆಗುರುತು

ಗಾಲ್ಫ್ ಅಂಗಳದಲ್ಲಿ ಅಡ್ಡಿಯೆಂದೇ ಮಾಡಿಟ್ಟಿರುವ ಬಂಕರೆಂಬ ಮರಳುಗುಂಡಿಗೆ ಚೆಂಡು ಉರುಳಿದರೆ ಯಾರ ಮನಸ್ಸೂ ಅರಳುವುದಿಲ್ಲ. ಅದು ಆಟದಲ್ಲಿ ಇದ್ದದ್ದೇ. ಆದರೆ ಹೋಗಿ ನೋಡಿದಾಗ ಆ ಚೆಂಡು ಇನ್ನೊಬ್ಬರ ಬೂಟಿನ ಹಿಮ್ಮಡಿ ಒತ್ತಿ ಮಾಡಿದ ಕುಳಿಯಲ್ಲಿ ಅರ್ಧ ಮೈ ಹುದುಗಿಸಿಕೊಂಡು ಕುಳಿತಿದ್ದು, ಮರಳನ್ನು ಎಳೆದು ಸಮಮಾಡಲೆಂದೇ ಇಟ್ಟಿರುವ ರೇಕು ಅಲ್ಲಿಂದ ಕೈಚಾಚುವಷ್ಟು ದೂರದಲ್ಲಿ ಯಾರ ಉಪದ್ರವವೂ ಇಲ್ಲದೆ ಮಲಗಿದ್ದರೆ, ಆಗ ಹೊಟ್ಟೆಯಲ್ಲಿ ಏಳುವ ಉರಿಯನ್ನು ಸಂಭಾವಿತರ ಭಾಷೆಯಲ್ಲಿ ಹೇಳುವುದು ಕಷ್ಟ. ಇಂದು ಬೆಳಿಗ್ಗೆ ಏಳನೆಯ ಗ್ರೀನಿನ, ಅಂದರೆ ಚೆಂಡು ಬೀಳಬೇಕಾದ ತೂತಿನ ಸುತ್ತಲಿನ ನುಣುಪು ಹುಲ್ಲಿನ, ಪಕ್ಕದಲ್ಲಿ ನನಗೆ ಒದಗಿದ್ದು ಇದೇ ಗತಿ. ನಿಯಮಪುಸ್ತಕವನ್ನು ನೆನೆಸಿಕೊಂಡರೆ ಉರಿ ಇನ್ನೂ ಹೆಚ್ಚುತ್ತದೆ. ಅದೇ ಜಾಗದಲ್ಲಿ ಮೊಲವೊಂದು ಬಿಲ ತೋಡಿದ್ದರೆ ಚೆಂಡನ್ನು ದಂಡವಿಲ್ಲದೆ ಎತ್ತಿ ಬಂಕರಿನಲ್ಲೇ ಬೇರೆ ಕಡೆ ಬೀಳಿಸಿಕೊಳ್ಳಬಹುದು. ಮಳೆಯ ನೀರು ನಿಂತಿದ್ದರೂ ಹಾಗೆಯೇ. ಸಹಸದಸ್ಯರೊಬ್ಬರು ತೋಡಿದ ಗುಂಡಿಗೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ, ಬಿದ್ದಲ್ಲಿಂದಲೇ ಹೊಡೆಯಬೇಕು. ನಿಯಮ ಬರೆದವರಿಗೆ ಮೊಲದ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಸದಸ್ಯರ ಬಗ್ಗೆ ಅವರು ತೀರಾ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದರೆಂದು ಕಾಣುತ್ತದೆ.

ಆ ಹೆಜ್ಜೆಗುರುತು ಯಾರದೆಂದು ಪತ್ತೆಮಾಡುವುದಕ್ಕೆ ಪೊಲೀಸರು ಬೇಕಾಗಿರಲಿಲ್ಲ. ನಮ್ಮ ಮುಂದಿನ ಗುಂಪಿನಲ್ಲಿ ಬಂಕರಿಗೆ ಇಳಿದವರು ಒಬ್ಬರೇ. ಅವರು ಕ್ಲಬ್ಬಿನ ಅತ್ಯಂತ ಹಿರಿಯ ಸದಸ್ಯರಲ್ಲೊಬ್ಬರು, ಮತ್ತು ಸದಸ್ಯರಲ್ಲಿ ಉತ್ತಮ ನಡವಳಿಕೆಯನ್ನು ಬೆಳೆಸುವ ಸಲುವಾಗಿ ರಚಿತವಾದ ಶಿಷ್ಟಾಚಾರ ಉಪಸಮಿತಿಯ ಅಧ್ಯಕ್ಷರು.

ಗಾಲ್ಫ್ ಆಡುವವರು ಪ್ರಾಮಾಣಿಕರಲ್ಲವೆಂದು ಯಾರೂ ಭಾವಿಸಬಾರದು. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ ಹೆಸರಾಂತ ಆಟಗಾರ ಬಾಬಿ ಜೋನ್ಸ್, ಉದ್ದ ಹುಲ್ಲಿನ ರಫ್‌ನಲ್ಲಿದ್ದ ತಮ್ಮ ಚೆಂಡು ಇನ್ನೇನು ಹೊಡೆಯಬೇಕು ಎನ್ನುವಾಗ ತುಸು ಕದಲಿತೆಂದು, ಬೇರೆ ಯಾರ ಕಣ್ಣಿಗೂ ಅದು ಬಿದ್ದಿರದಿದ್ದರೂ, ತಮ್ಮ ಮೇಲೆ ತಾವೇ ಒಂದು ಹೊಡೆತದ ದಂಡ ಹಾಕಿಕೊಂಡರು. ಕಡಿಮೆ ಹೊಡೆತದವರು ಗೆಲ್ಲುವ ಈ ಆಟದಲ್ಲಿ ಆ ಒಂದು ಹೊಡೆತದಿಂದಾಗಿ ಪಂದ್ಯ ಸಮವಾಗಿ, ಪ್ಲೇಆಫ್‌ನಲ್ಲಿ ಸೋತೂ ಹೋದರು. ಈ ಕಥೆಯನ್ನು ನಮ್ಮ ಅಧ್ಯಕ್ಷರು ಹೊಸ ಸದಸ್ಯರಿಗೆಲ್ಲ ಹೇಳುತ್ತಾರೆ, ಹೇಳುವಾಗ ಅವರ ಗಂಟಲು ನಿಜವಾಗಿಯೂ ಕಟ್ಟುತ್ತದೆ. ಅವರೂ ಅಂಥವರೇ. ಪೊದೆಯ ಹಿಂದೆ ಯಾರೂ ಕಾಣದ ಜಾಗದಲ್ಲಿ ಚೆಂಡಿಗೆ ಕೋಲು ತಗುಲಿದರೂ ಹೊರಬಂದು ಗಟ್ಟಿಯಾಗಿ ಹೇಳಿ ಸ್ಕೋರ್‌ಕಾರ್ಡಿನಲ್ಲಿ ಬರೆಸುತ್ತಾರೆ. ಇಷ್ಟು ಸತ್ಯವಂತರು ರೇಕನ್ನು ಏಕೆ ಮುಟ್ಟುವುದಿಲ್ಲ ಎಂಬುದು ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ. ಈಗ ಅನ್ನಿಸುವುದು ಇಷ್ಟು: ನಿಯಮ ಮುರಿದರೆ ದಂಡ ಬೀಳುವುದು ಮುರಿದವರ ಕಾರ್ಡಿನ ಮೇಲೆ, ನಡವಳಿಕೆ ತಪ್ಪಿದರೆ ದಂಡ ಬೀಳುವುದು ಹಿಂದೆ ಬರುವವರ ಕಾರ್ಡಿನ ಮೇಲೆ. ಹಿಂದೆ ಬರುವವರು ಯಾರೋ, ಅವರ ಮುಖ ಕಾಣುವುದಿಲ್ಲ. ತನ್ನ ಮುಂದೆ ತಾನು ತಲೆತಗ್ಗಿಸಬೇಕಾದೀತೆಂದು ಹೆದರುವ ಮನುಷ್ಯ ಕಾಣದವರ ಮುಂದೆ ನಿಶ್ಚಿಂತನಾಗಿರುತ್ತಾನೆ.

1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನ ಮಹನೀಯರು ಈ ಆಟಕ್ಕೆ ಮೊಟ್ಟಮೊದಲು ಬರೆದಿಟ್ಟ 13 ನಿಯಮಗಳಲ್ಲಿ, ಚೆಂಡನ್ನು ಮನುಷ್ಯನೋ ಕುದುರೆಯೋ ನಾಯಿಯೋ ತಡೆದರೆ ಏನು ಮಾಡಬೇಕೆಂಬುದೂ ಇದೆ; ಹೆಜ್ಜೆಗುರುತನ್ನು ಅಳಿಸಬೇಕೆಂಬುದು ಇಲ್ಲ. ಬಹುಕಾಲದ ಮೇಲೆ ನಿಯಮಪುಸ್ತಕದ ಮೊದಲ ಭಾಗವೇ ಶಿಷ್ಟಾಚಾರದ ಕುರಿತಾಯಿತು, ಮೊದಲ ಭಾಗವಾದ್ದರಿಂದಲೇ ಅದನ್ನು ದಾಟಿ ಓದುವುದು ರೂಢಿಯಾಯಿತು. 2019ರಲ್ಲಿ ನಿಯಮಗಳನ್ನೆಲ್ಲ ಹೊಸದಾಗಿ ಜೋಡಿಸಿದಾಗ ಪ್ರಾಮಾಣಿಕತೆ, ಇತರರ ಬಗ್ಗೆ ಗಮನ, ಅಂಗಳದ ಕಾಳಜಿ ಈ ಮೂರನ್ನೂ ಮೊದಲನೆಯ ನಿಯಮದೊಳಕ್ಕೇ ಸೇರಿಸಿದರು. ಆದರೂ ಕ್ಲಬ್ಬು ತನ್ನದೇ ನೀತಿಸಂಹಿತೆಯನ್ನು ಮಾಡಿಕೊಂಡು ಹೊಡೆತದ ದಂಡವನ್ನು ಗೊತ್ತುಪಡಿಸದ ಹೊರತು, ತೀರಾ ಗಂಭೀರ ದುರ್ವರ್ತನೆಯನ್ನು ಬಿಟ್ಟರೆ, ಉಳಿದ ಅಸಭ್ಯತೆಗಳಿಗೆಲ್ಲ ಇರುವ ಶಿಕ್ಷೆ ಜತೆಗಾರರ ಕೆಟ್ಟ ನೋಟ ಮಾತ್ರ. ನಮ್ಮ ಉಪಸಮಿತಿಯೂ ದಂಡದ ವಿಷಯವನ್ನು ಎತ್ತಿಕೊಂಡಿತ್ತು. ದಂಡ ಬೇಕೆನ್ನುವುದರಲ್ಲಿ ಸಭೆಗೆ ಸಭೆಯೇ ಒಮ್ಮತದಿಂದಿತ್ತು. ತಪ್ಪಿತಸ್ಥರ ಹೆಸರನ್ನು ಬರೆದುಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರಿಗೂ ಬೇರೆ ಕಡೆ ತುರ್ತು ಕೆಲಸಗಳು ನೆನಪಾದವು.

ಅಧ್ಯಕ್ಷರು ಒಂದು ಹೊಡೆತ ಹೊಡೆಯುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದನ್ನು ನೋಡುತ್ತ ನಿಂತಿರುವುದರಲ್ಲೇ ನಮ್ಮ ಎಷ್ಟೋ ಮುಂಜಾವುಗಳು ಸಂದುಹೋಗಿವೆ. ಯಾರು ಸಿದ್ಧರಿದ್ದಾರೋ ಅವರು ಮೊದಲು ಹೊಡೆಯಲಿ ಎಂಬ ಹೊಸ ಪದ್ಧತಿ ಅವರಿಗೆ ಒಗ್ಗುವುದಿಲ್ಲ. ಸರದಿ ಎಂದರೆ ಸರದಿ. ತಮ್ಮ ಸರದಿ ಬಂದಿದೆಯೆಂದು ಯಾರಾದರೂ ತಿಳಿಸಿದ ಮೇಲೆ ಅವರು ಕೈಗವಸನ್ನು ಹುಡುಕಲು ತೊಡಗುತ್ತಾರೆ. ಅದು ಯಾವಾಗಲೂ ಇರುವ ಹಿಂದಿನ ಜೇಬಿನಲ್ಲೇ ಇರುತ್ತದೆ, ಆದರೆ ಆ ಜೇಬಿಗೆ ಎಲ್ಲಕ್ಕಿಂತ ಕೊನೆಯಲ್ಲಿ ಕೈಹಾಕುವುದು ಕ್ರಮ. ಆಮೇಲೆ ದೂರ ಅಳೆಯುವ ಯಂತ್ರವನ್ನು ಕಣ್ಣಿಗೆ ಹಿಡಿದು ಗಜಗಳ ಲೆಕ್ಕವನ್ನು ಘೋಷಿಸುತ್ತಾರೆ, ಘೋಷಿಸಿದ ಮೇಲೆ ಯಂತ್ರಕ್ಕೆ ಏರು ತಗ್ಗು ತಿಳಿಯುವುದಿಲ್ಲವೆಂದು ತಾವೇ ಅದಕ್ಕೆ ಒಂದಷ್ಟು ಕೂಡಿಸುತ್ತಾರೆ. ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರುತ್ತಾರೆ. ಹುಲ್ಲು ನೇರವಾಗಿ ಅವರ ಬೂಟಿನ ಮೇಲೇ ಬೀಳುತ್ತದೆ, ಅಂದರೆ ಗಾಳಿಯಿಲ್ಲ. ಈ ಫಲಿತಾಂಶದಲ್ಲಿ ನಂಬಿಕೆ ಸಾಲದೆ ಮತ್ತೊಮ್ಮೆ ತೂರುತ್ತಾರೆ. ಏಳನೆಯ ನಂಬರಿನ ಐರನ್ ಎಂಬ ಕೋಲನ್ನು ಹೊರತೆಗೆದು, ಮರಳಿ ಇಟ್ಟು, ಆರನೆಯದನ್ನು ತೆಗೆದುಕೊಂಡು ಚೆಂಡಿನವರೆಗೆ ನಡೆದು, ಅಲ್ಲಿ ನಿಂತು ಯೋಚಿಸಿ, ಏಳನೆಯದಕ್ಕಾಗಿ ಚೀಲದ ಬಳಿಗೆ ವಾಪಸು ಬರುತ್ತಾರೆ.

ಇನ್ನು ಅಭ್ಯಾಸದ ಬೀಸುಗಳು. ಒಂದೊಂದೂ ನೋಡಲು ಎಷ್ಟು ಸೊಗಸಾಗಿರುತ್ತದೆಯೆಂದರೆ, ಇವುಗಳಲ್ಲೊಂದು ಅಕಸ್ಮಾತ್ತಾಗಿಯಾದರೂ ಚೆಂಡಿಗೆ ತಗುಲಬಾರದೇ ಎಂದು ಹಿಂದಿನ ಗುಂಪಿನವರು ಹಾರೈಸುತ್ತಾರೆ. ಬೀಸುಗಳೆಲ್ಲ ಮುಗಿದ ಮೇಲೆ ಅವರು ಚೆಂಡಿನ ಮುಂದೆ ಮೊಟ್ಟೆಯ ಮೇಲೆ ಕಾವು ಕೂರುವ ಕೋಳಿಯಂತೆ ಎಡಕ್ಕೂ ಬಲಕ್ಕೂ ಸರಿದಾಡಿ, ಕೋಲಿನ ತುದಿಯನ್ನು ಅಲ್ಲಾಡಿಸಿ, ತಲೆ ಎತ್ತಿ ಗುರಿ ನೋಡಿ, ತಲೆ ತಗ್ಗಿಸಿ, ಮತ್ತೆ ಎತ್ತಿ, ಇನ್ನೇನು ಹೊಡೆದೇಬಿಟ್ಟರು ಎನ್ನುವ ಗಳಿಗೆಯಲ್ಲಿ ಹಿಂದೆ ಸರಿಯುತ್ತಾರೆ. "ಯಾರೋ ಕದಲಿದಿರಿ" ಎನ್ನುತ್ತಾರೆ. ಯಾರೂ ಕದಲಿರುವುದಿಲ್ಲ, ಕದಲುವ ಶಕ್ತಿಯೇ ಅಷ್ಟು ಹೊತ್ತಿಗೆ ನಮ್ಮ ಕಾಲುಗಳಲ್ಲಿ ಉಳಿದಿರುವುದಿಲ್ಲ. ಒಬ್ಬರು ಹೊಡೆಯುವಾಗ ಉಳಿದವರು ಸ್ತಬ್ಧರಾಗಿರಬೇಕೆಂಬ ಒಂದು ಶಿಷ್ಟಾಚಾರ ಮಾತ್ರ ಅವರಿಗೆ ಕಂಠಪಾಠವಾಗಿದೆ. ಹೀಗೆ ಏಕಾಗ್ರತೆ ಭಂಗವಾದ ಮೇಲೆ ಎಲ್ಲವನ್ನೂ ಹುಲ್ಲಿನಿಂದ ಆರಂಭಿಸಬೇಕಾಗುತ್ತದೆ. ಅಡ್ಡಿಯಿಲ್ಲದಿದ್ದಾಗ ಒಂದು ಹೊಡೆತಕ್ಕೆ 40 ಸೆಕೆಂಡು ಸಾಕೆಂದು ನಿಯಮಪುಸ್ತಕ ಶಿಫಾರಸು ಮಾಡುತ್ತದೆ. ಅಧ್ಯಕ್ಷರಿಗೆ ಅಷ್ಟು ಸಮಯ ಗಾಳಿಯ ವಿಷಯಕ್ಕೇ ಬೇಕು. ಕೊನೆಗೊಮ್ಮೆ ಹೊಡೆತ ಬೀಳುತ್ತದೆ, ಚೆಂಡು ಕುಂಟುತ್ತ ಬಂಕರಿನ ಕಡೆ ಹೋಗುತ್ತದೆ, ಮತ್ತು ಎಂಟನೆಯ ನಂಬರನ್ನೇ ತೆಗೆದುಕೊಳ್ಳಬೇಕಿತ್ತೆಂಬ ವಿಷಯವನ್ನು ಅವರು ಅಲ್ಲೇ ನಿಂತು ಜತೆಗಾರರಿಗೆ ವಿವರಿಸುತ್ತಾರೆ. ಬೇರೆಯವರು ಕೋಲು ಎತ್ತಿದ ಕ್ಷಣದಲ್ಲಿ ಮೊಳಗುವುದು ಅವರದೇ ಫೋನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಳೆದುಹೋದ ಚೆಂಡನ್ನು ಹುಡುಕುವ ಅವಧಿಯನ್ನು 2019ರಲ್ಲಿ 5 ನಿಮಿಷದಿಂದ 3 ನಿಮಿಷಕ್ಕೆ ಇಳಿಸಿದ್ದು ಜಗತ್ತಿಗೆಲ್ಲ ತಿಳಿದಿದ್ದರೂ ನಮ್ಮಲ್ಲಿ ಅನೇಕರ ಕಿವಿಗೆ ಇನ್ನೂ ಬಿದ್ದಿಲ್ಲ. ಹಿಂದೆ ವೇಗದ ಗುಂಪು ಕಾಯುತ್ತಿದ್ದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದು ಸರಳ ಸೌಜನ್ಯ. ಆದರೆ ದಾರಿ ಬಿಡುವುದೆಂದರೆ ಏನೋ ಆಸ್ತಿಯನ್ನು ಬರೆದುಕೊಟ್ಟಂತೆ ಕೆಲವರು ಮುಖ ಮಾಡುತ್ತಾರೆ. "ಫೋರ್!" ಎಂಬ ಎಚ್ಚರಿಕೆಯ ಕೂಗು ನಮ್ಮಲ್ಲಿ ಸಾಮಾನ್ಯವಾಗಿ ಚೆಂಡು ನೆಲ ಮುಟ್ಟಿದ ಮೇಲೆ, ಅದು ಎಲ್ಲಿ ಬಿತ್ತೆಂದು ತಿಳಿಸುವುದಕ್ಕಾಗಿ, ಕೇಳಿಬರುತ್ತದೆ.

ಗ್ರೀನಿನ ವಿಷಯ ಬಂದಾಗ ಮಾತ್ರ ನನಗೆ ನಗು ಬರುವುದು ಕಡಿಮೆ. ಎತ್ತರದಿಂದ ಬಿದ್ದ ಚೆಂಡು ಹುಲ್ಲಿನಲ್ಲಿ ಕುಳಿ ಮಾಡುತ್ತದೆ. ಎರಡು ಹಲ್ಲಿನ ಪುಟ್ಟ ಫೋರ್ಕನ್ನು ಅಂಚಿನಲ್ಲಿ ಚುಚ್ಚಿ, ಸುತ್ತಲಿನ ಹುಲ್ಲನ್ನು ನಡುವಿನ ಕಡೆಗೆ ಒತ್ತಿ, ಗ್ರೀನಿನಲ್ಲಿ ಚೆಂಡು ಉರುಳಿಸುವ ಕೋಲಾದ ಪಟರ್‌ನಿಂದ ಮೆಲ್ಲಗೆ ತಟ್ಟಿದರೆ ಕೆಲಸ ಮುಗಿಯಿತು; ಕೆಳಗಿನಿಂದ ಮೀಟಿ ಎಬ್ಬಿಸಬಾರದು, ಬೇರು ಹರಿಯುತ್ತದೆ. ಆಗಿಂದಾಗ ಸರಿಪಡಿಸಿದ ಗುರುತು ಕೆಲವು ದಿನಗಳಲ್ಲಿ ಮಾಯುತ್ತದೆ, ಬಿಟ್ಟುಹೋದದ್ದು ವಾರಗಟ್ಟಲೆ ಉಳಿಯುತ್ತದೆ. ತೂತಿನ ಅಗಲ ನಾಲ್ಕೂಕಾಲು ಅಂಗುಲ. ಅಷ್ಟರೊಳಗೆ ಉರುಳಿಸಬೇಕಾದ ಚೆಂಡಿಗೆ ಇಂಥ ಒಂದು ಕುಳಿ ಅಡ್ಡ ಬಂದರೆ ಲೆಕ್ಕಾಚಾರವೆಲ್ಲ ವ್ಯರ್ಥ. ಬೆಳಕು ಹರಿಯುವ ಮೊದಲೇ ಬಂದು ಹುಲ್ಲು ಕತ್ತರಿಸುವವರು, ಬಂಕರುಗಳ ಮರಳನ್ನು ಗೆರೆಗೆರೆಯಾಗಿ ಎಳೆದಿಡುವವರು, ಬಾವುಟಕ್ಕೆ ಹೊಸ ತೂತು ತೆಗೆಯುವವರು ನಮ್ಮ ಮೊದಲ ಗುಂಪು ಆಟದ ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಬಳಿ ಸೇರುವ ಹೊತ್ತಿಗೆ ಕಣ್ಮರೆಯಾಗಿರುತ್ತಾರೆ. ಅವರು ಬಿಟ್ಟುಹೋದ ಅಂಗಳವನ್ನು ಅವರು ಬಿಟ್ಟ ಹಾಗೆ ನೋಡುವ ಭಾಗ್ಯ ದಿನಕ್ಕೆ ನಾಲ್ಕೇ ಜನಕ್ಕೆ. ಸಂಜೆ ಹೊತ್ತು ಕೊನೆಯ ಗ್ರೀನಿನಲ್ಲಿ ಅವರಲ್ಲೊಬ್ಬರು ಮಂಡಿಯೂರಿ ಒಂದೊಂದೇ ಕುಳಿಯನ್ನು ಮುಚ್ಚುತ್ತಿದ್ದುದನ್ನು ಕಂಡಾಗ, ಇದೆಲ್ಲ ಯಾರು ಯಾರಿಗಾಗಿ ಮಾಡಬೇಕಾದ ಕೆಲಸವಾಗಿತ್ತು ಎಂದು ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಈ ಬಾಬತ್ತಿಗೆ ಉಪಸಮಿತಿ ಕೈಗೊಂಡ ಕ್ರಮ ಉದಾರವಾದದ್ದೇ. ಮೊದಲನೆಯ ಟೀ ಬಳಿ ಒಂದು ಪೆಟ್ಟಿಗೆ ತುಂಬ ಫೋರ್ಕುಗಳನ್ನು ಇಟ್ಟು, ಬೇಕಾದವರು ಒಯ್ಯಬಹುದೆಂದು ಬರೆಯಿತು. ಪೆಟ್ಟಿಗೆ ಬೇಗನೆ ಬರಿದಾಯಿತು. ಈಗ ಪ್ರತಿಯೊಬ್ಬ ಸದಸ್ಯರ ಚೀಲದ ತಳದಲ್ಲೂ ಹೊಳಪು ಮಾಸದ ಒಂದೊಂದು ಫೋರ್ಕು ಭದ್ರವಾಗಿದೆ, ಗ್ರೀನಿನ ಕುಳಿಗಳೂ ಭದ್ರವಾಗಿವೆ. ನಡವಳಿಕೆಯ ಸೂಚನೆಗಳನ್ನು ದಪ್ಪಕ್ಷರದಲ್ಲಿ ಬರೆದು ಫಲಕಕ್ಕೆ ಹಚ್ಚಿದಾಗಲೂ ಹೀಗೆಯೇ ಆಯಿತು. ಓದಿದವರೆಲ್ಲ ತಲೆದೂಗಿ, ಇದನ್ನು ಇಂಥವರು ಓದಬೇಕು ಎಂದು ಇನ್ನೊಬ್ಬರ ಹೆಸರು ಹೇಳಿದರು. ಹೆಸರು ಹೇಳಿಸಿಕೊಂಡವರೂ ಓದಿ ಬೇರೊಂದು ಹೆಸರು ಹೇಳಿದರು.

ಆದರೆ ಇಂದು ಒಂಬತ್ತನೆಯ ಗ್ರೀನಿನಲ್ಲಿ ನಡೆದದ್ದು ಬೇರೆ. ಅಲ್ಲಿ ಕಿರಿಯರ ತರಗತಿ ನಡೆಯುತ್ತಿತ್ತು. ತಾನು ಮಾಡಿದ ಕುಳಿಯೊಂದನ್ನು, ಬೇರೆಯವರು ಬಿಟ್ಟದ್ದೊಂದನ್ನು ಸರಿಪಡಿಸದೆ ಯಾವ ಮಗುವೂ ಗ್ರೀನಿನಿಂದ ಇಳಿಯಬಾರದೆಂದು ಅವರ ತರಬೇತುದಾರರು ಕಟ್ಟುನಿಟ್ಟು ಮಾಡಿದ್ದಾರೆ. ಅಧ್ಯಕ್ಷರು ಎಂದಿನಂತೆ ಬಂಕರಿನಿಂದ ಹೊಡೆದು, ಎಂದಿನಂತೆ ಮೇಲೆ ಹತ್ತಿ ನಡೆದರು. ಒಬ್ಬ ಹುಡುಗಿ ಏನೊಂದೂ ಮಾತಾಡದೆ ರೇಕು ತೆಗೆದುಕೊಂಡು ಇಳಿದು ಅವರ ಹೆಜ್ಜೆಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಅಧ್ಯಕ್ಷರು ತಿರುಗಿ ನೋಡಿದರು. ಟೀಗೂ ಗ್ರೀನಿಗೂ ನಡುವಿನ ಹುಲ್ಲುಹಾದಿಯಾದ ಫೇರ್‌ವೇಯಲ್ಲಿ ಕಾಯುತ್ತಿದ್ದ ನಾವೂ, ಗ್ರೀನಿನ ಸುತ್ತಲಿದ್ದ ಮಕ್ಕಳೂ ನೋಡುತ್ತಿದ್ದೆವು.

"ಬಿಡಮ್ಮಾ, ನಾನು ಮಾಡ್ತೀನಿ" ಎಂದರು.

"ಪರವಾಗಿಲ್ಲ ಅಂಕಲ್, ನಿಮಗೆ ಮರೆತುಹೋಗುತ್ತಲ್ಲ" ಎಂದಳು ಅವಳು, ಅತ್ಯಂತ ವಿನಯದಿಂದ.

ಫಲಕವೂ ಪೆಟ್ಟಿಗೆಯೂ ಮಾಡಲಾಗದ್ದನ್ನು ಆ ಮಾತು ಮಾಡಿತು. ಹತ್ತನೆಯ ಹೋಲಿನಿಂದ ಅಧ್ಯಕ್ಷರು ಬೇರೆಯೇ ಮನುಷ್ಯರಾದರು. ಬಂಕರಿಗೆ ಇಳಿದಾಗ ತಮ್ಮ ಹೆಜ್ಜೆಗಳನ್ನಷ್ಟೇ ಅಲ್ಲ, ಬಂಕರನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು, ದೂರ ನಿಂತು ನೋಡಿ, ಮನಸ್ಸಿಗೆ ಬಾರದೆ ಮತ್ತೆ ಎಳೆದರು. ಗ್ರೀನಿನಲ್ಲಿ ತಮ್ಮ ಕುಳಿ, ಜತೆಗಾರರ ಕುಳಿ, ಹಿಂದಿನ ವಾರದವರ ಕುಳಿ ಎಲ್ಲವನ್ನೂ ಹುಡುಕಿ ಹುಡುಕಿ ಮಂಡಿಯೂರಿ ಮುಚ್ಚಿದರು, ಪ್ರತಿಯೊಂದನ್ನೂ ತಟ್ಟುವ ಮೊದಲು ಪಟರ್‌ನಿಂದ ಒಂದೆರಡು ಅಭ್ಯಾಸದ ತಟ್ಟುಗಳನ್ನೂ ತಟ್ಟಿದರು. ನಾವು ಫೇರ್‌ವೇಯಲ್ಲಿ ಕೋಲುಗಳ ಮೇಲೆ ಭಾರ ಹಾಕಿ ನಿಂತೆವು. ನಮ್ಮ ಹಿಂದಿನವರು ಬಂದು ನಮ್ಮ ಜತೆ ನಿಂತರು. ಅವರ ಹಿಂದಿನವರೂ ಬಂದರು. ಹದಿನಾಲ್ಕನೆಯ ಟೀ ಬಳಿ ನೆರೆದ ಜನರಲ್ಲಿ ಒಂದು ಸರ್ವಸದಸ್ಯರ ಸಭೆಗೆ ಬೇಕಾದ ಕೋರಂ ಇತ್ತು. ದಾರಿ ಬಿಡುತ್ತೀರಾ ಎಂದು ಒಬ್ಬರು ದೂರದಿಂದ ಸನ್ನೆಮಾಡಿದಾಗ ಅಧ್ಯಕ್ಷರು ತಲೆ ಎತ್ತದೆ, ಅಂಗಳದ ಕಾಳಜಿ ನಡೆಯುತ್ತಿದೆಯೆಂಬಂತೆ ಫೋರ್ಕನ್ನು ಎತ್ತಿ ತೋರಿಸಿದರು.

ಬಿಸಿಲು ಏರಿದ ಮೇಲೆ ನಾವೆಲ್ಲ ಕ್ಲಬ್‌ಹೌಸಿಗೆ ಮರಳಿದಾಗ ಅವರು ಫಲಕದ ಮುಂದೆ ನಿಂತು ಪೆನ್ನು ಕೇಳಿ ತೆಗೆದುಕೊಂಡು, ಸೂಚನೆಗಳ ಪಟ್ಟಿಯ ಕೆಳಗೆ ಸ್ವಹಸ್ತದಿಂದ ಹೊಸದೊಂದು ಸಾಲನ್ನು ಸೇರಿಸುತ್ತಿದ್ದರು: "ಮುಂದಿನ ಗುಂಪಿನವರು ಅಂಗಳವನ್ನು ಸರಿಪಡಿಸುತ್ತಿರುವಾಗ ಹಿಂದಿನವರು ತಾಳ್ಮೆಯಿಂದ ಕಾಯತಕ್ಕದ್ದು."