ದುಡ್ಡು ನಮ್ಮದು, ದೌಲತ್ತು ಅವರದು

ಕುದುರೆ ರೇಸಿಗೆ ಜನ ಬರ್ತಿಲ್ಲ ಅಂತ ಕ್ಲಬ್ಬಿನವರು ಅಳೋದನ್ನ ಕೇಳಿ ಕೇಳಿ ಸಾಕಾಗಿದೆ. ಆನ್‌ಲೈನ್ ಆಟ ಬಂತು, ಹುಡುಗರಿಗೆಲ್ಲ ಕ್ರಿಕೆಟ್ ಹುಚ್ಚು, ಸರ್ಕಾರ ಟ್ಯಾಕ್ಸ್ ಏರಿಸ್ತು, ಕಳ್ಳ ಬುಕ್ಕಿಗಳು ಹೆಚ್ಚಿದ್ರು... ಕಾರಣಗಳಿಗೇನೂ ಬರ ಇಲ್ಲ. ಆದ್ರೆ ಬಂದ ಗಿರಾಕೀನ ನಾವು ಹೇಗೆ ನೋಡ್ಕೊಂಡ್ವಿ ಅಂತ ಒಬ್ಬನೇ ಒಬ್ಬ ಕಮಿಟಿ ಮೆಂಬರ್ ಕೇಳ್ಕೊಂಡಿದ್ದು ನಾನಂತೂ ಕಂಡಿಲ್ಲ.

ರೇಸ್ ಆಡೋನಿಗೆ ಏನ್ರೀ ಮರ್ಯಾದೆ, ಹಾಳಾಗಿ ಹೋಗ್ಲಿ ಅನ್ನೋರು ಇಲ್ಲೇ ಬಿಟ್ಟು ಮುಂದಕ್ಕೆ ಹೋಗಬಹುದು. ನಾನು ದುಡಿದ ದುಡ್ಡಲ್ಲಿ, ಮನೆ ಖರ್ಚು ಕಳೆದು, ಶನಿವಾರ ಭಾನುವಾರ ನಾಲ್ಕು ಕುದುರೆ ನೋಡಿ ಸಣ್ಣಪುಟ್ಟ ಬೆಟ್ಟು ಕಟ್ಟೋನು. ಕಾನೂನು ಒಪ್ಪಿರೋ ಜಾಗದಲ್ಲಿ, ಟಿಕೆಟ್ ತಗೊಂಡು, ತೆರಿಗೆ ಕಟ್ಟಿ ಆಡ್ತೀನಿ. ಕ್ಲಬ್ಬಿನ ಹೆಸರು ಬರೆಯಲ್ಲ, ಬರೆದು ಪ್ರಯೋಜನಾನೂ ಇಲ್ಲ. ಬೇರೆ ಊರಿನ ರೇಸ್ ಸ್ನೇಹಿತರನ್ನ ಕೇಳಿದ್ರೂ ಕಥೆ ಹೆಚ್ಚುಕಮ್ಮಿ ಇದೇ.

ಮೊದಲು ದುಡ್ಡಿನ ವಿಷಯ. ಅದರಲ್ಲೇ ನಮ್ಮ ಅರ್ಧ ಜೀವ ಹೋಗಿರೋದು.

1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಇದರಲ್ಲಿ ಜಾಣ್ಮೆಯೇ ಮುಖ್ಯ ಅಂತ ತೀರ್ಪು ಕೊಡ್ತು. ಕುದುರೆಯ ತಳಿ, ಹಿಂದಿನ ಓಟ, ಹೊತ್ತಿರೋ ತೂಕ, ಸವಾರಿ ಮಾಡೋ ಜಾಕಿ ಯಾರು, ಎಷ್ಟು ದೂರ, ಇದನ್ನೆಲ್ಲ ಕೂತು ಲೆಕ್ಕ ಹಾಕಬೇಕು ಅಂತ ನಮಗೆ ಗೊತ್ತೇ ಇತ್ತು, ಕೋರ್ಟೂ ಒಪ್ಪಿತು. ಸಂತೋಷ. ಆದ್ರೆ ಜಿಎಸ್‌ಟಿ ಹಾಕೋವಾಗ ನಮ್ಮನ್ನ ಎಲ್ಲಿ ಕೂರಿಸಿದ್ರು? ಕ್ಯಾಸಿನೋ, ಲಾಟರಿ ಪಕ್ಕದಲ್ಲೇ. 2017ರಿಂದ 28 ಪರ್ಸೆಂಟ್. ಕ್ಲಬ್ಬಿಗೆ ಉಳಿಯೋ ಕಮಿಷನ್ ಮೇಲಷ್ಟೇ ತೆರಿಗೆ ಹಾಕಬೇಕು, ಪೂರ್ತಿ ಬೆಟ್ಟಿನ ಮೇಲಲ್ಲ ಅಂತ 2021ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿದಾಗ ಸ್ಟ್ಯಾಂಡಲ್ಲಿ ಸ್ವೀಟ್ ಹಂಚೋದೊಂದು ಬಾಕಿ. 2023ರ ಅಕ್ಟೋಬರಿಂದ ಕಾನೂನನ್ನೇ ತಿದ್ದಿ, ಬೆಟ್ಟಿನ ಪೂರ್ತಿ ಮೊತ್ತದ ಮೇಲೆ 28 ಅಂತ ಗಟ್ಟಿ ಮಾಡಿಬಿಟ್ರು. 2025ರ ಸೆಪ್ಟೆಂಬರ್ 22ರಿಂದ ಅದು 40.

ನಲವತ್ತು ಸ್ವಾಮಿ! ನೂರು ರೂಪಾಯಿ ಬೆಟ್ಟಿಗೆ ನಲವತ್ತು ರೂಪಾಯಿ. ಇದು ಗೆದ್ದೋನ ಮೇಲಿನ ತೆರಿಗೆ ಅಲ್ಲ. ಕುದುರೆ ಗೇಟಿಂದ ಹೊರಗೆ ಬರೋಕೆ ಮೊದಲೇ ನಾನು ಕಟ್ಟಿರ್ತೀನಿ.

ರೇಸ್ ಆಡದೇ ಇರೋರಿಗೆ ಇದರ ಬಿಸಿ ಸುಲಭವಾಗಿ ತಟ್ಟಲ್ಲ, ಅದಕ್ಕೆ ಬಿಡಿಸಿ ಹೇಳ್ತೀನಿ. ರೇಸಲ್ಲಿ ದುಡ್ಡು ತಿರುಗುತ್ತೆ. ಒಂದು ರೇಸಲ್ಲಿ ಬಂದದ್ದನ್ನ ಮುಂದಿನದಕ್ಕೆ ಹಾಕ್ತೀವಿ, ಅಲ್ಲಿ ಹೋದ್ರೆ ಜೇಬಿಂದ ತೆಗೀತೀವಿ. ಜೇಬಲ್ಲಿ ಸಾವಿರ ರೂಪಾಯಿ ಇಟ್ಕೊಂಡು ಬಂದೋನು ಏಳು ರೇಸಿಗೆ ಐನೂರು ಐನೂರು ಕಟ್ಟಿದ ಅಂದ್ಕೊಳ್ಳಿ. ಒಂದರಲ್ಲಿ ಬಂತು, ಒಂದರಲ್ಲಿ ಹೋಯ್ತು, ಸಂಜೆಗೆ ಗೆಲುವು ಸೋಲು ಸಮಾಸಮ. ಕಟ್ಟಿದ ಬೆಟ್ಟು ಒಟ್ಟು ಮೂರೂವರೆ ಸಾವಿರ, ಅದರ ಮೇಲೆ ತೆರಿಗೆ 1,400. ಅಂದ್ರೆ ಒಂದು ರೂಪಾಯಿನೂ ಸೋಲದ ಮನುಷ್ಯ ತಂದ ಸಾವಿರಾನೂ ಕಳ್ಕೊಂಡು, ಮೇಲೆ ನಾನೂರು ಸಾಲ ಮಾಡಬೇಕು. ಇದರಲ್ಲಿ ಕ್ಲಬ್ಬಿನ ಕಮಿಷನ್ ಇನ್ನೂ ಸೇರೇ ಇಲ್ಲ. ಇಂಥ ಲೆಕ್ಕದಲ್ಲಿ ಯಾವ ಜಾಣ್ಮೆ ಕೆಲಸಕ್ಕೆ ಬರುತ್ತೆ?

ಇಷ್ಟರ ಮೇಲೆ ದೇವರು ಕಣ್ಣು ಬಿಟ್ಟು ಒಂದು ಜಾಕ್‌ಪಾಟ್ ಹೊಡೀತು ಅನ್ನಿ. ಹತ್ತು ಸಾವಿರ ದಾಟಿದ್ರೆ 30 ಪರ್ಸೆಂಟ್ ಟಿಡಿಎಸ್ ಕೌಂಟರಲ್ಲೇ ಕಟ್. ಅದನ್ನ ಹೊಡೆಯೋಕೆ ಮುಂಚೆ ತಿಂಗಳಿಡೀ ಹರಿದು ಬಿಸಾಕಿದ ಟಿಕೆಟ್‌ಗಳ ಲೆಕ್ಕ ಇದೆಯಲ್ಲ, ಅದನ್ನ ಆದಾಯ ತೆರಿಗೆಯೋರು ಕೇಳೋದೇ ಇಲ್ಲ. ಸೋತದ್ದನ್ನ ಗೆದ್ದದ್ದರಿಂದ ಕಳೆಯೋ ಹಾಗಿಲ್ಲ. ಆದ್ರೆ ಅದೇ ಕಾಯ್ದೆಯಲ್ಲಿ, ಕುದುರೆ ಸಾಕೋ ಮಾಲೀಕರಿಗೆ ಕುದುರೆ ಮೇಲಿನ ಖರ್ಚು ಕಳೆಯೋಕೆ ಅವಕಾಶ ಇದೆ. ನಷ್ಟ ಆದ್ರೆ ನಾಲ್ಕು ವರ್ಷ ಮುಂದಕ್ಕೆ ಎಳ್ಕೊಂಡು ಹೋಗಿ ಆ ಬಾಬ್ತಿನ ಲಾಭದಲ್ಲಿ ಸರಿದೂಗಿಸ್ಕೊಳ್ಳಲೂಬಹುದು. ಕುದುರೆ ಕೊಳ್ಳೋಷ್ಟು ದುಡ್ಡಿರೋನ ನಷ್ಟ ನಷ್ಟ, ಐನೂರು ಕಟ್ಟೋನ ನಷ್ಟ ಅವನ ಹಣೆಬರಹ.

ಟ್ಯಾಕ್ಸ್ ಸರ್ಕಾರದ್ದು, ನಾವೇನ್ ಮಾಡೋಕಾಗುತ್ತೆ ಅಂತ ಕ್ಲಬ್ಬಿನೋರು ಕೈ ತೊಳ್ಕೋತಾರೆ. ಸರಿ, ಟ್ಯಾಕ್ಸ್ ನಿಮ್ಮ ಕೈಲಿಲ್ಲ. ಕುಡಿಯೋ ನೀರು ಯಾರ ಕೈಲಿದೆ? ಟಾಯ್ಲೆಟ್ಟು? ಅದಕ್ಕೂ ಜಿಎಸ್‌ಟಿ ಕೌನ್ಸಿಲ್ ಒಪ್ಪಿಗೆ ಬೇಕಾ?

ನಮ್ಮಂಥ ಸಾಮಾನ್ಯರು ಕೂರೋ ಸೆಕೆಂಡ್ ಎನ್‌ಕ್ಲೋಷರಿಗೆ ಒಂದು ಸಲ ಬಂದು ನೋಡಿ. ಗೇಟಲ್ಲೇ ಜೇಬು, ಬ್ಯಾಗು ತಡವಿ ಮೊಬೈಲ್ ಇಸ್ಕೋತಾರೆ. ಒಳಗಿಂದ ಹೊರಗಿನ ಬುಕ್ಕಿಗೆ ಸುದ್ದಿ ಮುಟ್ಟಿಸ್ತೀವಿ ಅಂತ ಅನುಮಾನ. ನಾನು ಟಿಕೆಟ್ ತಗೊಂಡು ಬಂದೋನಾ, ಕದಿಯೋಕೆ ಬಂದೋನಾ? ಆ ಕಡೆ ಮೆಂಬರ್‌ಗಳ ಕಾರು ಸೆಲ್ಯೂಟ್ ತಗೊಂಡು ಸುಯ್ಯಂತ ಒಳಗೆ ಹೋಗುತ್ತೆ. ಅವರ ಜೇಬಲ್ಲಿ ಬಹುಶಃ ಫೋನೇ ಇರಲ್ಲವೇನೋ, ಪಾಪ. ಒಳಗೆ ಹೋದ್ರೆ ಅರ್ಧ ಕುರ್ಚಿಗೆ ಬೆನ್ನಿಲ್ಲ. ಫ್ಯಾನು ತಿರುಗಿದ್ರೆ ಪುಣ್ಯ. ಟಾಯ್ಲೆಟ್ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಿಲ್ಲ, ಮೂಗೇ ದಾರಿ ತೋರಿಸುತ್ತೆ. ಡರ್ಬಿ ಅನ್ನೋ ದೊಡ್ಡ ರೇಸಿನ ದಿನ ಮಾತ್ರ ಆ ಕಡೆ ಶಾಮಿಯಾನ, ಹೂವಿನ ಅಲಂಕಾರ, ಟೋಪಿ ಹಾಕ್ಕೊಂಡ ಅತಿಥಿಗಳಿಗೆ ತಣ್ಣಗಿನ ಜ್ಯೂಸು. ಬೇಡ ಅನ್ನಲ್ಲ. ಆದ್ರೆ ಅವರಲ್ಲಿ ಎಷ್ಟು ಜನ ಬೆಟ್ಟು ಕಟ್ಟೋ ಟೋಟ್ ಕೌಂಟರ್ ಮುಖ ನೋಡಿದ್ದಾರೆ? ಆ ಜ್ಯೂಸಿನ ಬಿಲ್ಲು ಕೊನೆಗೆ ನಮ್ಮ ಹತ್ತು ಇಪ್ಪತ್ತು ರೂಪಾಯಿ ಟಿಕೆಟ್ಟಿನ ಕಮಿಷನ್ನಿಂದಲೇ ತಾನೇ ಹುಟ್ಟೋದು? ಗೆದ್ದ ಕುದುರೆಗೆ ಕೊಡೋ ಸ್ಟೇಕ್ ಮನಿನೂ ಬಹುಪಾಲು ಅಲ್ಲಿಂದಲೇ. ಕಪ್ ಎತ್ತಿಕೊಂಡು ಫೋಟೋ ಹೊಡಿಸ್ಕೊಳ್ಳೋವಾಗ ಈ ಕಡೆ ಸ್ಟ್ಯಾಂಡಿಗೊಂದು ನಮಸ್ಕಾರನಾದ್ರೂ ಹಾಕಬಾರದಾ?

ಕೌಂಟರ್ ಕಥೆ ಇನ್ನೂ ಚೆನ್ನಾಗಿದೆ. ಎಂಟು ಕಿಟಕಿ ಇದ್ರೆ ತೆಗೆದಿರೋದು ಮೂರು. ರೇಸ್ ಶುರುವಾಗೋಕೆ ಐದು ನಿಮಿಷ ಇದೆ ಅನ್ನೋವಾಗ ಎಲ್ಲರೂ ಮುಗಿಬೀಳ್ತಾರೆ, ಯಾಕಂದ್ರೆ ರೇಸಿಗೆ ಮುಂಚೆ ಕುದುರೆ ತೋರಿಸೋ ಪ್ಯಾಡಕ್ಕಲ್ಲಿ ನೋಡಿ ಬರೋರು ಆಗಲೇ ಬರೋದು. ಇದು ಅವರಿಗೆ ಇವತ್ತು ನಿನ್ನೆ ಗೊತ್ತಾಗಿದ್ದಲ್ಲ. ಮೊನ್ನೆ ನನ್ನ ಮುಂದೆ ನಿಂತಿದ್ದ ಯಜಮಾನರೊಬ್ಬರು, ಎಪ್ಪತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಮಡಿಸಿ ಮಡಿಸಿ ಸವೆದ ರೇಸ್ ಬುಕ್ಕು, "ನಾಲ್ಕನೇ ನಂಬರ್ ವಿನ್, ಇನ್ನೂರು" ಅಂದ್ರು. ಒಳಗಿದ್ದೋನು ಏಳು ಹೊಡೆದ.

"ಅಪ್ಪಾ, ನಾಲ್ಕು ಹೇಳಿದ್ದು ನಾನು."

"ಮೆಷಿನ್ ಹೊಡೆದಾಯ್ತು. ಕ್ಯಾನ್ಸಲ್ ಆಗಲ್ಲ. ಟಿಕೆಟ್ ನೋಡ್ಕೊಂಡು ತಗೋಬೇಕು, ಬೋರ್ಡ್ ಹಾಕಿದೀವಲ್ಲ."

"ನೀನು ಕೊಡದೆ ನಾನು ನೋಡೋದು ಹೇಗಪ್ಪಾ?"

"ಪಕ್ಕಕ್ಕೆ ನಿಲ್ರಿ, ಹಿಂದೆ ಜನ ಇದಾರೆ."

ಹಿಂದೆ ಇದ್ದ ಜನ ಅಂದ್ರೆ ನಾವೇ. ಅವರ ತಪ್ಪಿಗೆ ನಮ್ಮ ಕೈಲೇ ಆ ಹಿರಿಯರನ್ನ ತಳ್ಳಿಸೋ ಉಪಾಯ. ಯಜಮಾನ್ರು ಮತ್ತೆ ಇನ್ನೂರು ತೆಗೆದು ನಾಲ್ಕು ತಗೊಳ್ಳೋಣ ಅಂತ ಜೇಬಿಗೆ ಕೈ ಹಾಕೋಷ್ಟರಲ್ಲಿ ಬೆಲ್ಲು ಹೊಡೀತು, ಕಿಟಕಿ ಬಂದ್. ನನ್ನ ಬೆಟ್ಟೂ ಹೋಯ್ತು. ನಾಲ್ಕು ಗೆಲ್ತೋ ಸೋಲ್ತೋ ಅದು ಬೇರೆ ಮಾತು. ದಿನಸಿ ಅಂಗಡಿಯಲ್ಲಿ ತೊಗರಿಬೇಳೆ ಕೇಳಿದ್ರೆ ಕಡ್ಲೆಬೇಳೆ ಕಟ್ಟಿಕೊಟ್ಟು, ಕಟ್ಟಿಯಾಯ್ತು ತಗೊಂಡ್ಹೋಗಿ ಅಂದ್ರೆ ಸುಮ್ನೆ ಬರ್ತೀರಾ? ಕಂಪ್ಲೇಂಟ್ ಬುಕ್ಕು ಕೊಡಿ ಅಂತ ನಾನು ಕೇಳಿದೆ. ಆಫೀಸಲ್ಲಿದೆ ಅಂದ್ರು. ಆಫೀಸು ಎಲ್ಲಿ? ಮೆಂಬರ್ಸ್ ಕಡೆ. ಅಲ್ಲಿಗೆ ಹೋಗೋಕೆ ಬ್ಯಾಡ್ಜ್ ಬೇಕು.

ಓಡಿದ ಕುದುರೆ ಬಗ್ಗೆ ಹೇಳದಿದ್ರೆ ಈ ಹೊಟ್ಟೆ ಉರಿ ಆರಲ್ಲ. ಫೇವರಿಟ್ ಕುದುರೆ, ಯಾವುದು ಗೆಲ್ಲುತ್ತೆ ಅಂತ ಹೇಳೋ ನಾಲ್ಕು ಜನ ಟಿಪ್‌ಸ್ಟರ್‌ಗಳೂ ಅದನ್ನೇ ಹೇಳಿದ್ದಾರೆ, ಬೆಳಗಿನ ಅಭ್ಯಾಸದ ಓಟದ (ಟ್ರ್ಯಾಕ್ ವರ್ಕ್) ಟೈಮಿಂಗೂ ಚೆನ್ನಾಗಿದೆ. ಬೆಂಡ್ ತಿರುಗೋವರೆಗೂ ಮುಂದೆ ಇದ್ದದ್ದು ಆಮೇಲೆ ದನ ಮೇಯೋಕೆ ಹೋದ ಹಾಗೆ ಹಿಂದೆ ಉಳೀತು. ಜಾಕಿ ಕೈ ಆಡಿಸಿದ್ದೇ ಕಾಣ್ಲಿಲ್ಲ. ರೇಸಿನ ನಿಯಮ ನೋಡ್ಕೊಳ್ಳೋ ಅಧಿಕಾರಿಗಳಾದ ಸ್ಟುವರ್ಡ್ಸ್ ಏನು ಮಾಡ್ತಾರೆ? ಟ್ರೈನರನ್ನ ವಿವರಣೆ ಕೇಳಲಾಯಿತು, ವಿವರಣೆಯನ್ನು ದಾಖಲಿಸಿಕೊಳ್ಳಲಾಯಿತು. ಮುಗೀತು. ಏನು ವಿವರಣೆ, ಒಪ್ಪಿದ್ರಾ ಬಿಟ್ರಾ, ಕುದುರೆಗೆ ಹುಷಾರಿತ್ತಾ ಇಲ್ವಾ, ದುಡ್ಡು ಕಟ್ಟಿದೋನಿಗೆ ಹೇಳೋರು ಯಾರೂ ಇಲ್ಲ. ಮೂರು ವಾರ ಬಿಟ್ಟು ಅದೇ ಕುದುರೆ, ಅದೇ ದೂರ, ಒಂದಕ್ಕೆ ಹತ್ತು ದರದಲ್ಲಿ ಗಾಳಿ ಹಾಗೆ ಓಡಿ ಗೆಲ್ಲುತ್ತೆ. ಆಗಲೂ ವಿವರಣೆ, ಆಗಲೂ ದಾಖಲೆ. ಎಲ್ಲ ಓಟದಲ್ಲೂ ಮೋಸ ಇದೆ ಅನ್ನೋ ಮಾತು ನಂದಲ್ಲ. ಕುದುರೆನೂ ಜೀವ ತಾನೇ, ಒಂದು ದಿನ ಓಡುತ್ತೆ ಒಂದು ದಿನ ಓಡಲ್ಲ. ಆದ್ರೆ ಬಾಗಿಲು ಹಾಕ್ಕೊಂಡು ವಿಚಾರಣೆ ಮಾಡಿದ್ರೆ ಹೊರಗೆ ನಿಂತೋನಿಗೆ ಅನುಮಾನ ಬರದೆ ಇನ್ನೇನು ಬರುತ್ತೆ?

ಹಾಂಗ್‌ಕಾಂಗಲ್ಲಿ ನೋಡಿ. ಅಲ್ಲಿನ ಜಾಕಿ ಕ್ಲಬ್ಬು ಪ್ರತಿ ಕುದುರೆಯ ವೈದ್ಯಕೀಯ ದಾಖಲೆ, ಬೆಳಗಿನ ಅಭ್ಯಾಸದ ವಿವರ, ಹಳೇ ರೇಸುಗಳ ವಿಡಿಯೋ, ರೇಸಲ್ಲಿ ಯಾವ ಕುದುರೆಗೆ ಎಲ್ಲಿ ಅಡ್ಡಿ ಆಯ್ತು ಅನ್ನೋ ವರದಿ, ಎಲ್ಲವನ್ನೂ ಬಿಟ್ಟಿಯಾಗಿ ಜನರ ಮುಂದೆ ಇಡುತ್ತೆ. ಅಲ್ಲೂ ತೊಂಬತ್ತರ ದಶಕದ ಕೊನೆಯಿಂದ ವಹಿವಾಟು ಕುಸೀತಾ ಬಂತು, ಗಿರಾಕಿಗಳು ಕಳ್ಳ ಬುಕ್ಕಿಗಳ ಕಡೆ ಹೋಗ್ತಿದ್ರು. 2006ರಲ್ಲಿ ಸರ್ಕಾರ ಬೆಟ್ಟಿನ ಒಟ್ಟು ಮೊತ್ತದ ಮೇಲೆ ತೆರಿಗೆ ಹಾಕೋದನ್ನ ಬಿಟ್ಟು, ಗೆದ್ದೋರಿಗೆ ಕೊಟ್ಟು ಉಳಿದದ್ದರ ಮೇಲೆ ಹಾಕೋಕೆ ಶುರು ಮಾಡ್ತು. ದೊಡ್ಡ ಬೆಟ್ಟು ಕಟ್ಟಿ ಸೋತೋರಿಗೆ ಕ್ಲಬ್ಬು ಹತ್ತು ಪರ್ಸೆಂಟ್ ವಾಪಸ್ ಕೊಡೋಕೂ ಹಿಡೀತು. ಕುಸಿದಿದ್ದ ವಹಿವಾಟು ಮತ್ತೆ ಏರಿತು. ದೊಡ್ಡ ಕುಳಗಳಿಗೆ ಮಾತ್ರ ವಾಪಸ್ ಕೊಟ್ಟಿದ್ದು ನನಗೆ ಇಷ್ಟ ಆಗಿಲ್ಲ, ಅದು ಬೇರೆ ಜಗಳ. ಅಮೆರಿಕದಲ್ಲೂ ಇದೇ ಗಲಾಟೆ. ಕಂಪ್ಯೂಟರ್ ಇಟ್ಕೊಂಡು ಕೋಟಿಗಟ್ಟಲೆ ಕಟ್ಟೋ ತಂಡಗಳಿಗೆ ರಿಯಾಯಿತಿ, ಅವರು ಕೊನೇ ಕ್ಷಣದಲ್ಲಿ ದುಡ್ಡು ಸುರಿದು ದರ ಬೀಳಿಸ್ತಾರೆ, ಸಾಮಾನ್ಯ ಅಭಿಮಾನಿ ಬಾಯಿ ಬಿಟ್ಕೊಂಡು ಬೋರ್ಡು ನೋಡ್ತಾನೆ. ಆದ್ರೂ ಕೆಂಟಕಿಯಲ್ಲಿ 2022ರಲ್ಲಿ ಗೆದ್ದ ಟಿಕೆಟ್ಟಿಗೆ ಸಿಗೋ ಹಣ, ಅಂದ್ರೆ ಡಿವಿಡೆಂಡಿನ ಚಿಲ್ಲರೆಯನ್ನ ಟ್ರ್ಯಾಕಿನೋರು ನುಂಗಬಾರದು, ಸೆಂಟ್ ಲೆಕ್ಕದಲ್ಲಿ ಗೆದ್ದೋನಿಗೇ ಕೊಡಬೇಕು ಅಂತ ಕಾನೂನು ತಂದ್ರು. ನಮ್ಮಲ್ಲಿ ಹತ್ತು ರೂಪಾಯಿಗೆ ಹನ್ನೊಂದು ರೂಪಾಯಿ ಡಿವಿಡೆಂಡ್ ಬಂದು, ಕೌಂಟರಲ್ಲಿ ಆ ಒಂದು ರೂಪಾಯಿಗೂ ಚಿಲ್ಲರೆ ಇಲ್ಲ ಅಂತಾರೆ!

ಈಗ ಕಳ್ಳ ಬುಕ್ಕಿ ಕಡೆ ಬನ್ನಿ. ಅವನ ಹತ್ರ ಜಿಎಸ್‌ಟಿ ಇಲ್ಲ, ಟಿಡಿಎಸ್ ಇಲ್ಲ, ಕ್ಯೂ ಇಲ್ಲ. ಫೋನ್ ಮಾಡಿದ್ರೆ "ಹೇಳಿ ಅಣ್ಣ" ಅಂತಾನೆ. ಸಾಲಕ್ಕೂ ಬರ್ಕೋತಾನೆ, ಸೋಮವಾರ ಮನೆ ಹತ್ರ ಬಂದು ಲೆಕ್ಕ ಮುಗಿಸ್ತಾನೆ. ಆ ಸಾಲದಿಂದ ಮನೆ ಮಠ ಮಾರಿಕೊಂಡೋರನ್ನ ನೋಡಿದೀನಿ, ಅದಕ್ಕೇ ಆ ಕಡೆ ತಲೆ ಹಾಕಿಲ್ಲ. ಆದ್ರೆ ನನ್ನ ಜೊತೆ ಸ್ಟ್ಯಾಂಡಲ್ಲಿ ಕೂತು ಕಡ್ಲೆಕಾಯಿ ತಿಂತಿದ್ದೋರಲ್ಲಿ ಎಷ್ಟೋ ಜನ ಈಗ ಬರಲ್ಲ. ಆಟ ಬಿಟ್ರಾ ಅಂದ್ರೆ ನಗ್ತಾರೆ. ಸರ್ಕಾರಕ್ಕೆ ನಲವತ್ತೂ ಇಲ್ಲ, ಕ್ಲಬ್ಬಿಗೆ ಕಮಿಷನ್ನೂ ಇಲ್ಲ, ಎಲ್ಲ ಅವನ ಪಾಲು. ಕಾನೂನು ಪಾಲಿಸೋನಿಗೇ ದಂಡ ಅಂದಮೇಲೆ ಜನ ಇನ್ನೇನು ಮಾಡ್ತಾರೆ?

ಇಷ್ಟೆಲ್ಲ ನಿರ್ಧಾರ ತಗೊಳ್ಳೋವಾಗ ನಮ್ಮನ್ನ ಯಾರೂ ಕೇಳಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ? ಕಮಿಟಿಯಲ್ಲಿ ಮಾಲೀಕರಿದ್ದಾರೆ, ದೊಡ್ಡ ದೊಡ್ಡ ಮನೆತನದೋರಿದ್ದಾರೆ, ಬೆಟ್ಟು ಕಟ್ಟೋರ ಪರ ಮಾತಾಡೋಕೆ ಒಬ್ಬನೂ ಇಲ್ಲ. ಟ್ಯಾಕ್ಸ್ ಕಡಿಮೆ ಮಾಡಿ ಅಂತ ದೆಹಲಿಗೆ ಮನವಿ ಒಯ್ಯೋವಾಗ ಮಾತ್ರ "ಲಕ್ಷಾಂತರ ಅಭಿಮಾನಿಗಳು" ಅಂತ ನಮ್ಮನ್ನ ಮುಂದಿಡ್ತಾರೆ.

ಹೊಸ ಹುಡುಗರನ್ನ ಸೆಳೆಯೋಕೆ ಈ ಸೀಸನ್ನಿಂದ ಫುಡ್ ಸ್ಟಾಲು, ಲೈವ್ ಮ್ಯೂಸಿಕ್ಕು ಇಡ್ತಾರಂತೆ. ಇಡಿ, ನಮ್ಮದೇನೂ ತಕರಾರಿಲ್ಲ. ಅದಕ್ಕೆ ಮುಂಚೆ ಸೆಕೆಂಡ್ ಎನ್‌ಕ್ಲೋಷರಲ್ಲಿ ಎಂಟೂ ಕಿಟಕಿ ತೆಗೀರಿ. ತಪ್ಪು ಟಿಕೆಟ್ ಹೊಡೆದ್ರೆ ಬೆಲ್ಲಿಗೆ ಮೊದಲು ಬದಲಾಯಿಸಿ ಕೊಡಿ. ಸ್ಟುವರ್ಡ್ಸ್ ವರದಿಯಲ್ಲಿ ಟ್ರೈನರ್ ಏನು ಹೇಳಿದ ಅಂತ ಪೂರ್ತಿ ಬರೀರಿ. ಕಂಪ್ಲೇಂಟ್ ಬುಕ್ಕನ್ನ ಒಂದು ದಾರದಲ್ಲಿ ಕಟ್ಟಿ ನಮ್ಮ ಕಡೆ ಗೋಡೆಗೂ ನೇತು ಹಾಕಿ, ಪೆನ್ನು ನಾವೇ ತರ್ತೀವಿ.