ಗೊತ್ತಿರುವ ಇತರ ಧರ್ಮಗಳು

ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆ ಪೇಟೆಯಲ್ಲಿ ಒಬ್ಬರು ಲೆಕ್ಕದ ಮಾಸ್ಟ್ರು ಇದ್ದಾರೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಮೂವತ್ತು ವರ್ಷ ಲಾಭ-ನಷ್ಟ, ಶೇಕಡಾ ಕಲಿಸಿ ರಿಟೈರ್ ಆದವರು. ಶಾಲೆ ಬಿಟ್ಟರು, ಶೇಕಡಾ ಬಿಡಲಿಲ್ಲ. ಬೆಳಿಗ್ಗೆ ಹೋಟೆಲಿಗೆ ಬಂದು ಕೂತರೆ ಗೋಳಿಬಜೆಗಿಂತ ಮೊದಲು ಜನಗಣತಿಯ ಅಂಕಿ ಬರುತ್ತದೆ.

"2001ರಲ್ಲಿ ಕೇರಳದಲ್ಲಿ ನಾವು ಹಿಂದೂಗಳು ನೂರಕ್ಕೆ 56.2. 2011ರಲ್ಲಿ 54.73. ಅವರು, ಮುಸ್ಲಿಮರು, 24.7 ಇದ್ದವರು 26.56. ಲೆಕ್ಕ ಹಾಕು ಮಾರಾಯ!"

ಲೆಕ್ಕ ಅವರೇ ಹಾಕುತ್ತಾರೆ. ಗೋಳಿಬಜೆ ಕಟ್ಟಿದ ಪೇಪರ್ ತುಂಡಿನಲ್ಲಿ, ಎಣ್ಣೆ ಹತ್ತದ ಮೂಲೆ ಹುಡುಕಿ ಗೀಚುತ್ತಾರೆ. ಆ ಮೂಲೆಯಲ್ಲಿ ಯಾವುದೋ ಒಂದು ಇಸವಿಗೆ ನಾವೆಲ್ಲ ಖಾಲಿಯಾಗಿರುತ್ತೇವೆ. ಮಾಸ್ಟ್ರಿಗೆ ಇಬ್ಬರು ಮಕ್ಕಳು. ಇಬ್ಬರೂ ಬೆಂಗಳೂರಲ್ಲಿ, ಇಬ್ಬರೂ ಮದುವೆಯೇ ಬೇಡ ಅಂತ ಕೂತಿದ್ದಾರೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಎದುರು ಮೇಜಿನಲ್ಲಿ ಅಡಿಕೆ ವ್ಯಾಪಾರದ ಬ್ಯಾರಿಗಳು ಒಬ್ಬರು, ನಮ್ಮ ಕರಾವಳಿಯ ಮುಸ್ಲಿಂ. ಮಾಸ್ಟ್ರ ಹಳೆ ಶಿಷ್ಯ, ಶೇಕಡಾ ಕಲಿತದ್ದೂ ಅವರಿಂದಲೇ. ಹಾಗಾಗಿ ಅವರ ಮೊಬೈಲಿನಲ್ಲೂ ಶೇಕಡಾ ಉಂಟು. "ಅದೆಲ್ಲ ಇರಲಿ ಮಾಸ್ಟ್ರೇ, ಸರ್ಕಾರಿ ಕೆಲಸದಲ್ಲಿ ನಾವೆಷ್ಟು? ಅದನ್ನೂ ಒಮ್ಮೆ ಹೇಳಿ" ಅನ್ನುತ್ತಾರೆ. ಬೇಳದ ಕಡೆಯ ಪೊರ್ಬುಗಳು ಒಬ್ಬರು, ಕೊಂಕಣಿ ಮಾತಾಡುವ ಕ್ರೈಸ್ತರು, ಸುಮ್ನೆ ಚಾ ಕುಡಿಯುತ್ತಾ ಕೂತಿರುತ್ತಾರೆ. ಇಬ್ಬರೂ ಜೋರಾದ ಮೇಲೆ ಲೋಟ ಕೆಳಗಿಡುತ್ತಾರೆ. "ನಾವು 19ರಿಂದ 18.38ಕ್ಕೆ ಇಳಿದವರು. ಅಳಬೇಕಾದ್ದು ನಾವು. ನೀವಿಬ್ಬರು ಎಂತಕ್ಕೆ ಅಳುವುದು?"

ಮೂವರಿಗೂ ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ. ಬ್ಯಾಟಿಂಗ್ ಮಾಡುವವರು ಮಾತ್ರ ಬೇರೆ ಯಾರೋ.

ನನಗೆ ಇದರಲ್ಲಿ ಒಂದು ಕಥೆ ಇಷ್ಟ. 1956ರ ಅಕ್ಟೋಬರ್ 31ರ ರಾತ್ರಿ ನಮ್ಮ ಅಜ್ಜ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗಂಜಿ ಊಟ ಮಾಡಿ ಮಲಗಿದರು. ನವೆಂಬರ್ 1ರ ಬೆಳಿಗ್ಗೆ ಕೇರಳದಲ್ಲಿ ಎದ್ದರು. ಚಾಪೆ ಅದೇ, ದೈವ ಅದೇ, ಬಾವಿ ಅದೇ. ಆದರೆ ರಾತ್ರಿ ಬೆಳಗಾಗುವುದರೊಳಗೆ ಅವರ ಸುತ್ತ ನೂರಕ್ಕೆ ಇಪ್ಪತ್ತೊಂದರಷ್ಟು ಕ್ರೈಸ್ತರು ಬಂದು ಕೂತಿದ್ದರು. 1961ರ ಗಣತಿ ಅದನ್ನು ಬರೆದುಕೊಂಡಿತು. ಒಬ್ಬರೂ ಮತ ಬದಲಿಸಲಿಲ್ಲ, ಒಂದು ಮಗುವೂ ಜಾಸ್ತಿ ಹುಟ್ಟಲಿಲ್ಲ. ದಿಲ್ಲಿಯಲ್ಲಿ ಯಾರೋ ಗೆರೆ ಎಳೆದರು, ಅಷ್ಟೇ. ಅಜ್ಜನಿಗೆ ಇದು ತಿಳಿಯಲೇ ಇಲ್ಲ. ಅವರ ಚಿಂತೆ ಆ ವರ್ಷದ ಅಡಿಕೆಯ ಕೊಳೆರೋಗ.

ಇನ್ನು 2018. ಕೇರಳದ ಆಗಿನ ಶಿಕ್ಷಣ ಮಂತ್ರಿ ಸಿ. ರವೀಂದ್ರನಾಥ್ ವಿಧಾನಸಭೆಯಲ್ಲಿ ಒಂದು ಉತ್ತರ ಕೊಟ್ಟರು. ಶಾಲೆಗೆ ಸೇರಿದ ಸುಮಾರು 1.24 ಲಕ್ಷ ಮಕ್ಕಳು ಜಾತಿ, ಧರ್ಮದ ಕಾಲಮ್ಮನ್ನು ಖಾಲಿ ಬಿಟ್ಟಿದ್ದಾರೆ ಅಂತ. ದೇಶವೇ ಚಪ್ಪಾಳೆ ಹೊಡೆಯಿತು. ಕೇರಳ ಎಲ್ಲಿಗೋ ಹೋಯಿತು ಅಂದರು. ಆಮೇಲೆ ಕೆಲವು ಶಾಲೆಯವರೇ ಎದ್ದು ನಿಂತರು. "ನಮ್ಮಲ್ಲಿ ಅಂಥ ಮಕ್ಕಳು ಯಾರೂ ಇಲ್ಲ ಸಾರ್. ಕಂಪ್ಯೂಟರಿನಲ್ಲಿ ಆ ಕಾಲಮ್ ತುಂಬಿಸಿಲ್ಲ, ಅಷ್ಟೇ." ಆ ಸಾಫ್ಟ್‌ವೇರಿನ ಹೆಸರು 'ಸಂಪೂರ್ಣ'!

ಜಾತ್ಯತೀತತೆಗೆ ಇಷ್ಟು ವರ್ಷ ಎಷ್ಟೆಲ್ಲ ಜನ ಭಾಷಣ ಮಾಡಿದರು, ಜೈಲಿಗೆ ಹೋದರು. ಕೊನೆಗೆ ಮಧ್ಯಾಹ್ನ ಊಟಕ್ಕೆ ಎದ್ದು ಹೋದ ಗುಮಾಸ್ತರು ಒಂದೇ ಏಟಿಗೆ ಲಕ್ಷ ದಾಟಿಸಿದರು. ಅವರಿಗೊಂದು ಶಾಲು ಹೊದೆಸಬೇಕಿತ್ತು.

ಕಾಲಮ್ಮಿನ ಕಥೆ ನಮ್ಮ ಮನೆಯಲ್ಲೂ ಆಗಿದೆ. 2011ರ ಗಣತಿಗೆ ಬಂದವರು ತೆಂಕಣ ಕೇರಳದ ಒಬ್ಬರು ಟೀಚರ್. ಪಾಪ, ಕೊಡೆ, ಚೀಲ, ಅಷ್ಟು ದೊಡ್ಡ ಫಾರಂ. ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದರು. ಧರ್ಮ ಯಾವುದು ಅಂತ ಕೇಳಲೇ ಇಲ್ಲ. ಅಂಗಳದ ತುಳಸಿಕಟ್ಟೆ ನೋಡಿದರು, 1 ಅಂತ ಬರೆದರು. 1 ಅಂದರೆ ಹಿಂದೂ, 2 ಮುಸ್ಲಿಂ, 3 ಕ್ರೈಸ್ತ. ಹೀಗೆ ಆರರ ತನಕ ನಂಬ್ರ ಉಂಟು. ಪಕ್ಕದ ಮನೆಯಲ್ಲಿ ತುಳಸಿ ಒಣಗಿತ್ತು. ಅಲ್ಲಿ ಎಂತ ಬರೆದರೋ, ದೇವರೇ ಬಲ್ಲ. ಯಾವ ದೇವರು ಅಂತ ಕೇಳಬೇಡಿ.

ಭಾಷೆಯ ಕಾಲಮ್ ಬಂದಾಗ ಮಾತ್ರ ಟೀಚರ್ ಪೆನ್ನು ಎತ್ತಿದರು. ಮನೆಯಲ್ಲಿ ತುಳು, ಬರೆಯುವುದು ಕನ್ನಡ, ಬಸ್ಸಿನಲ್ಲಿ ಮಲಯಾಳಂ ಅಂದೆ. ಅವರು ಹೆದರಲಿಲ್ಲ. ಮಾತೃಭಾಷೆಗೆ ಒಂದು ಜಾಗ, 'ಗೊತ್ತಿರುವ ಇತರ ಭಾಷೆ'ಗೆ ಇನ್ನೆರಡು ಜಾಗ. ಮೂರೂ ಹಿಡಿಯಿತು. ಸರ್ಕಾರಕ್ಕೂ ಗೊತ್ತು, ಕಾಸರಗೋಡಿನ ಬಾಯಿ ಒಂದೇ ಕಾಲಮ್ಮಿನಲ್ಲಿ ನಿಲ್ಲುವುದಿಲ್ಲ ಅಂತ. ಹಾಗಾದರೆ ಧರ್ಮಕ್ಕೆ ಮಾತ್ರ ಒಂದೇ ಜಾಗ ಯಾಕೆ?

ಈ ಸಲದ ಗಣತಿಗೆ ಮೊಬೈಲಿನಲ್ಲಿ ನಾವೇ ತುಂಬಿಸಬಹುದಂತೆ. 2027ರ ಮಾರ್ಚ್ 1ರ ಲೆಕ್ಕ. ನನ್ನದೊಂದು ಅರ್ಜಿ. ಹುಟ್ಟಿದ ಧರ್ಮಕ್ಕೆ ಒಂದು ಜಾಗ ಇರಲಿ. ಕೆಳಗೆ 'ಗೊತ್ತಿರುವ ಇತರ ಧರ್ಮಗಳು' ಅಂತ ಎರಡು ಜಾಗ ಕೊಡಿ. ನಮ್ಮ ಜಿಲ್ಲೆಗಾದರೂ ಕೊಡಿ.

ಇಲ್ಲದಿದ್ದರೆ ಆರಿಕ್ಕಾಡಿಯಲ್ಲಿ ಆ್ಯಪ್ ಹ್ಯಾಂಗ್ ಆಗುತ್ತದೆ, ನೋಡಿ ಬೇಕಾದರೆ. ಅಲ್ಲಿ ಆಲಿ ದೈವ ಉಂಟು. ಮುಸ್ಲಿಂ ಮಂತ್ರವಾದಿಯೊಬ್ಬ ಸತ್ತು ದೈವವಾದ ಅಂತ ಕಥೆ. ಗಡ್ಡ, ಲುಂಗಿ, ಟೊಪ್ಪಿ ಹಾಕಿಕೊಂಡೇ ಅದರ ವೇಷ ಕಟ್ಟುತ್ತಾರೆ. ಕಟ್ಟುವವರು ಹಿಂದೂಗಳು, ಕೈ ಮುಗಿಯುವವರಲ್ಲಿ ಎರಡೂ ಕಡೆಯವರು. ಗಣತಿಯವರು ಅಂಗಳಕ್ಕೆ ಬಂದು "ನಿಮ್ಮ ಧರ್ಮ?" ಅಂತ ಕೇಳಿದರೆ ಆಲಿ ಎಂತ ಹೇಳಬೇಕು? ಹುಟ್ಟಿದ್ದು 2ರಲ್ಲಿ, ಈಗ ಇರುವುದು 1ರಲ್ಲಿ, ಮತಾಂತರದ ಕೇಸು ಯಾರ ಮೇಲೆ ಹಾಕುವುದು? ತೆಂಕಿಗೆ ಮಾಲೋಂ ಕಡೆ ಮುಕ್ರಿ ಪೋಕ್ಕರ್ ತೆಯ್ಯಂ ಉಂಟು, ತೆಯ್ಯಂ ಅಂದರೆ ಮಲಯಾಳಂನವರ ದೈವ. ಅದು ದೇವಸ್ಥಾನದ ಎದುರು ನಮಾಜ್ ಮಾಡುತ್ತದೆ. ಅದಕ್ಕೆ ಆಧಾರ್ ಇಲ್ಲದ್ದು ಪುಣ್ಯ.

ಉದ್ಯಾವರದಲ್ಲಂತೂ ಇನ್ನೂ ಕಷ್ಟ. ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ದೈವ ಮೈಮೇಲೆ ಬರುವ ಪಾತ್ರಿಗಳು ಶುಕ್ರವಾರ ಸಾವಿರ ಜಮಾಅತ್ ಮಸೀದಿಗೆ ಹೋಗಿ ಉತ್ಸವಕ್ಕೆ ಕರೆ ಹೇಳಬೇಕು. ಹೇಳದಿದ್ದರೆ ಕ್ರಮ ತಪ್ಪಿದ ಹಾಗೆ. ಇದನ್ನು 'ಸೌಹಾರ್ದ' ಅಂತ ಪೇಪರಿನವರು ಪ್ರತಿವರ್ಷ ಫೋಟೋ ಹಾಕುತ್ತಾರೆ. ಊರಿನವರಿಗೆ ಆ ಶಬ್ದವೇ ಬೇಡ. ಮದುವೆಗೆ ಸೋದರಮಾವನನ್ನು ಕರೆಯುವುದಕ್ಕೆ ಸೌಹಾರ್ದ ಅನ್ನುತ್ತಾರಾ?

ಹಳೆ ಕಾಲದವರಿಗೆ ಈ ತಲೆಬಿಸಿ ಇರಲಿಲ್ಲ. 849ರಲ್ಲಿ ಕೊಲ್ಲಂನ ಇಗರ್ಜಿಗೆ, ಅಂದರೆ ಚರ್ಚಿಗೆ, ಆ ಕಡೆಯ ವೇಣಾಡಿನ ಅರಸ ತಾಮ್ರದಲ್ಲಿ ಶಾಸನ ಮಾಡಿಸಿ ಕೊಟ್ಟ. ಸಾಕ್ಷಿ ಸಹಿಗಳು ಅರಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಉಂಟು. ಇವತ್ತಾದರೆ ಯಾವ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದು ಪಾಸಾಗುತ್ತದೆ? ಮಲಯಾಳಂ ಬಿಟ್ಟು ಕನ್ನಡದಲ್ಲಿ ಅರ್ಜಿ ಕೊಟ್ಟರೇ ನಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಶೇಕಡಾ ಒಂದಿಷ್ಟೂ ಅಲುಗಾಡದ ಜಾಗ ನಮ್ಮಲ್ಲಿ ಒಂದೇ, ಅನಂತಪುರ ದೇವಸ್ಥಾನದ ಕೆರೆ. ಅನ್ನದ ಪ್ರಸಾದ ತಿನ್ನುತ್ತಿದ್ದ ಬಬಿಯಾ ಮೊಸಳೆ 2022ರಲ್ಲಿ ಸತ್ತಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಒಂದು ಹೋದರೆ ಒಂದು. ನೂರಕ್ಕೆ ನೂರು.

ಮೊನ್ನೆ ನನ್ನ ಅರ್ಜಿಯನ್ನು ಹೋಟೆಲಿನಲ್ಲಿ ಓದಿ ಹೇಳಿದೆ. ಮಾಸ್ಟ್ರು ಸಿಟ್ಟಾದರು. "ಇತರ ಧರ್ಮ ಎಂತದು? ನನಗೆ ಒಂದೇ."

ಬ್ಯಾರಿಗಳು ಚಾ ಊದುತ್ತಾ ಹೇಳಿದರು. "ಮಾಸ್ಟ್ರೇ, ಮಗನಿಗೆ ಜ್ವರ ಬಿಡದೆ ಇದ್ದಾಗ ತಳಂಗರೆ ಮಸೀದಿಗೆ ಹರಕೆ ಹೇಳಿ ನನ್ನ ಸ್ಕೂಟರಿನಲ್ಲಿ ಬಂದದ್ದು ಯಾರು?"

"ಬೇಳದ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿದ್ದು?" ಅಂದರು ಪೊರ್ಬುಗಳು. "ಮಗಳ ಪರೀಕ್ಷೆಯ ಸಮಯ. ಪ್ಯಾಕೆಟ್ ನಾನೇ ತೆಗೆದುಕೊಟ್ಟದ್ದು."

"ನೀವು ದೊಡ್ಡ ಸಾಚಾ?" ಮಾಸ್ಟ್ರು ಬ್ಯಾರಿಗಳ ಕಡೆ ತಿರುಗಿದರು. "ಮಧೂರು ದೇವಸ್ಥಾನದ ಅಪ್ಪ ಪ್ರಸಾದ ನಿಮ್ಮ ಮನೆಗೆ ಪೊಟ್ಟಣ ಕಟ್ಟಿ ಹೋಗುವುದು ನನಗೆ ಗೊತ್ತಿಲ್ಲವಾ?"

"ಅದು ರುಚಿಗೆ ಮಾಸ್ಟ್ರೇ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಾಸ್ಟ್ರು ಪೇಪರ್ ತುಂಡು ತಿರುಗಿಸಿ, ಎಣ್ಣೆ ಹತ್ತದ ಮೂಲೆಯಲ್ಲಿ 1 ಅಂತ ಬರೆದರು. ಅದರ ಕೆಳಗೆ ಸಣ್ಣಕ್ಕೆ 2, ಮತ್ತೂ ಸಣ್ಣಕ್ಕೆ 3. ಮತ್ತೆ ನನ್ನ ಕಿವಿ ಹತ್ತಿರ ಬಗ್ಗಿ ಕೇಳಿದರು.

"ಇದನ್ನು ಬರೆದರೆ ಅವರ ಶೇಕಡಾಕ್ಕೆ ಸೇರುತ್ತದಾ?"