ಹೊಸ ವೆಬ್‌ಸೈಟ್ ಮಾಡಿಸುವವರೇ, ಹಳೇದನ್ನು ಮುಟ್ಟಬೇಡಿ

ಮಳೆಗಾಲ ಶುರುವಾಯಿತೆಂದರೆ ಗೋಕರ್ಣ, ಮುರ್ಡೇಶ್ವರ ಕಡೆಯ ಹೋಮ್‌ಸ್ಟೇಯವರಿಗೆ ವೆಬ್‌ಸೈಟ್ ಹೊಸದು ಮಾಡಿಸುವ ಯೋಚನೆ ಬರುತ್ತದೆ. ಯೋಚನೆ ಒಳ್ಳೆಯದೇ. ಆದರೆ ಮರುದಿನವೇ ಇದ್ದ ಸೈಟ್ ತೆಗೆದು 'ನಿರ್ಮಾಣ ಹಂತದಲ್ಲಿದೆ, ಶೀಘ್ರದಲ್ಲೇ ಬರಲಿದ್ದೇವೆ' ಎಂಬ ಬೋರ್ಡು ನೇತುಹಾಕುತ್ತಾರಲ್ಲ, ಅದು ಶುದ್ಧ ಕೆಲಸಗಳ್ಳತನ. ಹೊಸದು ಕಟ್ಟಲು ಹಳೇದನ್ನು ಬಂದ್ ಮಾಡಬೇಕಾದ ತಾಂತ್ರಿಕ ಕಾರಣ ಒಂದೂ ಇಲ್ಲ. ನೋಡಲು ಎಷ್ಟೇ ಹಳಸಲಾಗಿದ್ದರೂ ಬುಕಿಂಗ್ ಬರುವುದು ಅದರಿಂದಲೇ. ಶಿರಸಿ ಕಡೆಯ ಅಡಿಕೆ ಸೊಸೈಟಿಯದಾದರೆ ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆ ನೋಡಲು ಬೆಳೆಗಾರರು ದಿನಾ ತೆರೆಯುವುದು ಅದನ್ನೇ.

ಮೊದಲ ಕೆಲಸ ಡಿಸೈನ್ ಅಲ್ಲ, ಪಟ್ಟಿ. ಈಗಿನ ಸೈಟಿನ ಪ್ರತಿ ಪುಟದ ವಿಳಾಸವನ್ನೂ ಎಕ್ಸೆಲ್ ಶೀಟಿಗೆ ಇಳಿಸಿ. ಸೈಟ್‌ಮ್ಯಾಪ್ (ಸೈಟೇ ಇಟ್ಟುಕೊಂಡಿರುವ ಪುಟಗಳ ಪಟ್ಟಿ) ಒಂದೇ ಸಾಲದು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ ಬೀಳುತ್ತಿರುವ ಪುಟಗಳು, ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ (ಯಾರು ಯಾವ ಪುಟ ತೆರೆದರೆಂಬ ದಾಖಲೆ) ಕಾಣುವ ವಿಳಾಸಗಳು, ಪಿಡಿಎಫ್‌ಗಳು ಎಲ್ಲ ಬೇಕು. ಇವುಗಳಲ್ಲಿ ಕಾಣದೆ ತಪ್ಪಿಹೋಗಬಹುದಾದ ವಿಳಾಸಗಳೂ ಇರುತ್ತವೆ: ರೂಮಿನ ಟೇಬಲ್ ಮೇಲಿನ ಕ್ಯೂಆರ್ ಕೋಡ್, ಹೆದ್ದಾರಿ 66ರ ಪಕ್ಕದ ಫ್ಲೆಕ್ಸ್, ವಿಸಿಟಿಂಗ್ ಕಾರ್ಡ್, ಸದಸ್ಯರ ವಾಟ್ಸಾಪ್ ಗ್ರೂಪಿನಲ್ಲಿ ಪಿನ್ ಮಾಡಿಟ್ಟ ಧಾರಣೆ ಪುಟದ ಲಿಂಕ್. ಅಚ್ಚಾದದ್ದನ್ನು ತಿದ್ದಲು ಬರುವುದಿಲ್ಲ. ಹಾಗಾಗಿ ಆದಷ್ಟೂ ಹಳೇ ವಿಳಾಸಗಳನ್ನೇ ಉಳಿಸಿಕೊಳ್ಳಿ. ಬದಲಿಸಲೇಬೇಕಾದರೆ ಹಳೇದರ ಎದುರು ಹೊಸದನ್ನು ಬರೆದು, ಒಂದಕ್ಕೊಂದು 301 ರೀಡೈರೆಕ್ಟ್ (ಹಳೇ ವಿಳಾಸ ಒತ್ತಿದವರನ್ನು ಹೊಸದಕ್ಕೆ ಕಳಿಸುವ ಕಾಯಂ ಸೂಚನೆ) ಹಾಕಿ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿ ಕೈತೊಳೆದುಕೊಂಡರೆ ಗೂಗಲ್ ಅದನ್ನು 'ಸಾಫ್ಟ್ 404' ಎಂದೇ, ಅಂದರೆ ಪುಟವೇ ಇಲ್ಲವೆಂದು ಎಣಿಸಬಹುದು. ಈ ರೀಡೈರೆಕ್ಟ್‌ಗಳನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುವುದು ಗೂಗಲ್‌ನದೇ ಸಲಹೆ. ಕ್ಯೂಆರ್ ಕೋಡ್ ಮುದ್ರಿಸಿದ್ದರೆ ತೆಗೆಯಲೇಬೇಡಿ.

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿ ಕನ್ನಡದಲ್ಲಿ ಬರೆಯುವ ಸೈಟುಗಳಿಗೆ ಇಲ್ಲೊಂದು ವಿಶೇಷ ತಲೆಬಿಸಿ ಇದೆ. ಪುಟದ ವಿಳಾಸದಲ್ಲಿ ಶೀರ್ಷಿಕೆಯಿಂದ ಹುಟ್ಟುವ ಭಾಗಕ್ಕೆ ಅಲ್ಲಿ 200 ಅಕ್ಷರದ ಮಿತಿ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ (ಗುಣಿತ, ಹಲಂತ ಎಲ್ಲ ಬೇರೆ ಬೇರೆ ಲೆಕ್ಕ) ವಿಳಾಸದಲ್ಲಿ 9 ಅಕ್ಷರ ತಿನ್ನುತ್ತದೆ. 'ಇಂದಿನ ಅಡಿಕೆ ಮಾರುಕಟ್ಟೆ ಧಾರಣೆ' ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ 'ಧಾ' ಎಂಬಲ್ಲಿಗೇ ತುಂಡಾಗುತ್ತದೆ. ಮುಂದೆ ಬರೆದ ತಾರೀಖು ಲೆಕ್ಕಕ್ಕೇ ಬರುವುದಿಲ್ಲ. ಹೀಗೆ ದಿನಾ ಹಾಕಿದ ಪೋಸ್ಟುಗಳೆಲ್ಲ ಒಂದೇ ವಿಳಾಸ ಪಡೆದು ಕೊನೆಗೆ 2, 3, 4 ಎಂದು ಅಂಟಿಸಿಕೊಂಡಿರುತ್ತವೆ. ಹೊಸ ಸೈಟಿನಲ್ಲಿ ಬೇರೆ ಕ್ರಮದಲ್ಲಿ ಪೋಸ್ಟ್ ಮಾಡಿದಿರೋ, ಆ ಅಂಕಿಗಳು ಅದಲುಬದಲಾಗಿ ಸೋಮವಾರದ ಲಿಂಕಿಗೆ ಗುರುವಾರದ ದರ ತೆರೆದುಕೊಳ್ಳಬಹುದು. ಹೊಸ ಪುಟಗಳ ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಇದರಲ್ಲಿ ಭಾಷಾಭಿಮಾನದ ಪ್ರಶ್ನೆ ಇಲ್ಲ.

ಇನ್ನು ಕಟ್ಟುವುದು ಎಲ್ಲಿ? ಅದೇ ಹೋಸ್ಟಿಂಗ್‌ನಲ್ಲಿ (ಸೈಟ್ ಇಡಲು ಬಾಡಿಗೆಗೆ ಪಡೆದ ಸರ್ವರ್ ಜಾಗ) ಬೇರೆ ಫೋಲ್ಡರ್, ಬೇರೆ ಡೇಟಾಬೇಸ್ (ಬರಹ, ಬುಕಿಂಗ್, ಸೆಟ್ಟಿಂಗ್ ಎಲ್ಲ ಕೂಡಿಟ್ಟ ಕಡತ), ನಿಮ್ಮ ವಿಳಾಸದ ಹಿಂದೆ 'ನ್ಯೂ ಡಾಟ್' ಸೇರಿಸಿದ ಒಂದು ಸಬ್‌ಡೊಮೇನ್. ಅಲ್ಲಿ ಹಳೇದರ ನಕಲಿಟ್ಟುಕೊಂಡು ಹೊಸದು ಕಟ್ಟಿ. ಪಿಎಚ್‌ಪಿ (ವರ್ಡ್‌ಪ್ರೆಸ್ ಓಡುವ ಪ್ರೋಗ್ರಾಮಿಂಗ್ ಭಾಷೆ) ಆವೃತ್ತಿ ಮುಂದೆ ಹೊಸ ಸೈಟಿಗೆ ಬಳಸುವುದೇ ಇರಲಿ. ಈ ಸಬ್‌ಡೊಮೇನ್‌ಗೆ ಪಾಸ್‌ವರ್ಡ್ ಹಾಕಲೇಬೇಕು. ರೋಬೋಟ್ಸ್ ಫೈಲಿನಲ್ಲಿ (ಸರ್ಚ್ ಎಂಜಿನ್‌ಗಳಿಗೆ ಸೂಚನೆ ಬರೆಯುವ ಕಡತ) ಬೇಡ ಎಂದು ಬರೆದರೆ ಗೂಗಲ್ ಪುಟ ಓದುವುದಿಲ್ಲ ಅಷ್ಟೇ. ಎಲ್ಲಿಂದಾದರೂ ಲಿಂಕ್ ಸಿಕ್ಕರೆ ವಿಳಾಸವನ್ನು ಪಟ್ಟಿಗೆ ಸೇರಿಸಿಕೊಳ್ಳಬಹುದು. ನಕಲು ಮಾಡಿದ ಸೈಟಿನಲ್ಲಿ ಇಮೇಲ್ ಕಳಿಸುವುದನ್ನೂ ಕ್ರಾನ್ ಕೆಲಸಗಳನ್ನೂ (ನಿಗದಿತ ಹೊತ್ತಿಗೆ ತಾವೇ ನಡೆಯುವಂಥವು) ಅದೇ ಗಳಿಗೆಯಲ್ಲಿ ನಿಲ್ಲಿಸಿ, ಪೇಮೆಂಟ್ ಗೇಟ್‌ವೇಯನ್ನು ನಿಜವಾದ ಹಣ ಕಡಿತವಾಗದ ಟೆಸ್ಟ್ ಕೀಗೆ ತಿರುಗಿಸಿ. ಮರೆತರೆ ನಿಜವಾದ ಅತಿಥಿಗಳಿಗೆ ಒಂದೇ ಬುಕಿಂಗ್‌ನ ರಿಮೈಂಡರ್ ಎರಡೆರಡು ಸಲ ಹೋಗುತ್ತದೆ.

ನಿಜವಾದ ಎಡವಟ್ಟು ಆಗುವುದು ಡೇಟಾಬೇಸ್‌ನಲ್ಲಿ. ಜೂನ್‌ನಲ್ಲಿ ನಕಲು ತೆಗೆದಿರಿ, ಸೆಪ್ಟೆಂಬರ್‌ಗೆ ಹೊಸದು ತಯಾರಾಯಿತು. ಆ ಡೇಟಾಬೇಸನ್ನು ಇಡಿಯಾಗಿ ಹಳೇದರ ಮೇಲೆ ಸುರಿದರೆ ನಡುವಿನ ಮೂರು ತಿಂಗಳ ಬುಕಿಂಗ್, ವಿಚಾರಣೆ ಎಲ್ಲ ಗುಳುಂ. ಡಿಸೆಂಬರ್ ಕೊನೆಗೆ ರೂಮು ಕಾದಿರಿಸಿದವರು ಬಂದು ಗೇಟಿನ ಮುಂದೆ ನಿಂತಾಗಲೇ ಗೊತ್ತಾಗುವುದು. ಹಾಗಾಗಿ ವಿನ್ಯಾಸವೆಲ್ಲ ಆದಷ್ಟೂ ಡೇಟಾಬೇಸ್‌ನ ಹೊರಗಿರುವ ಥೀಮ್ ಫೈಲುಗಳಲ್ಲೇ ಇರಲಿ. ಡೇಟಾಬೇಸ್‌ನಲ್ಲಿ ಮಾಡಿದ ಬದಲಾವಣೆಗಳನ್ನು (ಯಾವ ಸೆಟ್ಟಿಂಗ್, ಯಾವ ಮೆನು, ಯಾವ ಹೊಸ ಪುಟ) ಒಂದೊಂದಾಗಿ ಬರೆದಿಡಿ. ಬದಲಿಸುವ ದಿನ ಚಾಲ್ತಿ ಸೈಟಿನ ತಾಜಾ ಡೇಟಾಬೇಸ್ ತಂದು, ಅದರ ಮೇಲೆ ಪಟ್ಟಿಯ ಪ್ರಕಾರ ಬದಲಾವಣೆ ಹಚ್ಚಿ. ಮೊದಲೇ ಎರಡು ಸಲ ಗಡಿಯಾರ ಇಟ್ಟುಕೊಂಡು ತಾಲೀಮು ಮಾಡಿದರೆ ಎಷ್ಟು ಹೊತ್ತು ಬೇಕೆಂದು ತಿಳಿಯುತ್ತದೆ. ಅಷ್ಟು ಹೊತ್ತು ಬುಕಿಂಗ್ ಫಾರ್ಮ್ ಮಾತ್ರ ಮುಚ್ಚಿ, ಅಲ್ಲಿ ಫೋನ್ ನಂಬರ್ ಹಾಕಿ. ಉಳಿದ ಸೈಟ್ ತೆರೆದೇ ಇರಲಿ.

ಡೇಟಾಬೇಸ್ ಒಳಗಿನ 'ನ್ಯೂ ಡಾಟ್' ವಿಳಾಸಗಳನ್ನು ಅಸಲಿ ವಿಳಾಸಕ್ಕೆ ಬದಲಿಸಲು ಅದರ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 'ಫೈಂಡ್-ರಿಪ್ಲೇಸ್' ಒತ್ತುವವರಿಗೆ ಕೈಮುಗಿಯಬೇಕು. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗ್‌ಗಳನ್ನು ಉದ್ದದ ಲೆಕ್ಕದ ಸಮೇತ ಬರೆದಿಟ್ಟಿರುತ್ತದೆ: ಇದು 27 ಅಕ್ಷರ, ಮುಂದಿನದು ವಿಳಾಸ ಎಂದು. ಆ ವಿಳಾಸದಿಂದ 'ನ್ಯೂ ಡಾಟ್' ತೆಗೆದಾಗ ಇಂಗ್ಲಿಷಿನಲ್ಲಿ 4 ಅಕ್ಷರ ಹೋಗಿ 23 ಉಳಿಯುತ್ತದೆ, ಲೆಕ್ಕದಲ್ಲಿ ಮಾತ್ರ 27 ಹಾಗೇ ಇರುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಪಿಎಚ್‌ಪಿ ಆ ಇಡೀ ಸೆಟ್ಟಿಂಗನ್ನೇ ಓದುವುದಿಲ್ಲ. ವಿಜೆಟ್, ಸ್ಲೈಡರ್ ಎಲ್ಲ ಖಾಲಿ. ವರ್ಡ್‌ಪ್ರೆಸ್‌ಗೆ ಕಮಾಂಡ್ ಟೈಪಿಸಿ ಕೆಲಸ ಮಾಡಿಸುವ ಡಬ್ಲ್ಯೂಪಿ-ಸಿಎಲ್‌ಐ ಎಂಬ ಸಾಧನದ ಸರ್ಚ್-ರಿಪ್ಲೇಸ್ ಈ ಲೆಕ್ಕವನ್ನೂ ಸರಿಮಾಡುತ್ತದೆ. ಮೊದಲು ಡ್ರೈ-ರನ್ (ಏನನ್ನೂ ಬದಲಿಸದ ಪರೀಕ್ಷೆ), ಆಮೇಲೆ ನಿಜವಾದದ್ದು.

ಯೂನಿಕೋಡ್‌ಗೂ ಮೊದಲಿನ ನುಡಿ, ಬರಹ ಫಾಂಟುಗಳ ಕಾಲದ ಸೈಟಾದರೆ ಯೂನಿಕೋಡ್‌ಗೆ ಪರಿವರ್ತಿಸುವ ಕೆಲಸವೂ ಸೇರಿಕೊಳ್ಳುತ್ತದೆ. ಪರಿವರ್ತಕಕ್ಕೆ ಪುಟವನ್ನು ಇಡಿಯಾಗಿ ಕೊಟ್ಟರೆ ನಡುವೆ ಇದ್ದ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರುವುದೂ ಉಂಟು. ಒಬ್ಬರು ಕೂತು ಓದಲೇಬೇಕು. ಡೇಟಾಬೇಸ್ ತಂದ ಮೇಲೆ ಕನ್ನಡದ ಜಾಗದಲ್ಲಿ ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಗಾಬರಿ ಬೇಡ, ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಓದುವ ಸಂಕೇತ ಪದ್ಧತಿ) ತಪ್ಪಿದೆ ಅಷ್ಟೇ, ಸರಿಪಡಿಸಬಹುದು. ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಡೇಟಾಬೇಸ್ ಒಳಗೂ ಕೂತಿದ್ದರೆ ಅಕ್ಷರ ನಿಜಕ್ಕೂ ಹೋಗಿದೆ, ಬ್ಯಾಕಪ್‌ನಿಂದ ಮತ್ತೆ ತರಬೇಕು. ಆ ಬ್ಯಾಕಪ್ ಅದೇ ಸರ್ವರ್‌ನಲ್ಲಿ ಕೂತಿರಬಾರದು, ಒಮ್ಮೆಯಾದರೂ ಬೇರೆ ಕಡೆ ರಿಸ್ಟೋರ್ ಮಾಡಿ ನೋಡಿರಬೇಕು.

ಹೋಸ್ಟಿಂಗ್ ಕೂಡ ಬದಲಾಗುವುದಿದ್ದರೆ ಡಿಎನ್‌ಎಸ್ (ಸೈಟಿನ ಹೆಸರು ಯಾವ ಸರ್ವರ್‌ನದೆಂದು ಹೇಳುವ ವ್ಯವಸ್ಥೆ) ದಾಖಲೆಯ ಟಿಟಿಎಲ್, ಅಂದರೆ ಬೇರೆಯವರು ಅದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು ಎರಡು ದಿನ ಮೊದಲೇ 300 ಸೆಕೆಂಡಿಗೆ ಇಳಿಸಿ. ಸರ್ವರ್‌ನ ಐಪಿ ವಿಳಾಸ ಹೇಳುವ ಎ ರೆಕಾರ್ಡ್ ಮಾತ್ರ ಬದಲಿಸಿ, ಈ ದಾಖಲೆಗಳನ್ನೆಲ್ಲ ಇಟ್ಟುಕೊಂಡಿರುವ ನೇಮ್‌ಸರ್ವರ್ ಮುಟ್ಟಬೇಡಿ. ನೇಮ್‌ಸರ್ವರ್ ಬದಲಿಸಿ ಇಮೇಲ್‌ಗೆ ಬೇಕಾದ ಎಂಎಕ್ಸ್, ಎಸ್‌ಪಿಎಫ್ ದಾಖಲೆ ಒಯ್ಯದಿದ್ದರೆ ಸೈಟ್ ಚೆನ್ನಾಗಿಯೇ ಕಾಣುತ್ತದೆ, ಆಫೀಸಿನ ಇಮೇಲ್ ಮಾತ್ರ ಸತ್ತಿರುತ್ತದೆ. ಐಪಿವಿ6ಗೆ (ಹೊಸ ಬಗೆಯ ಐಪಿ ವಿಳಾಸ) ಬೇರೆಯದೇ ಎಎಎಎ ರೆಕಾರ್ಡ್ ಇದ್ದರೆ ಅದನ್ನೂ ಬದಲಿಸಬೇಕು. ಬಿಟ್ಟರೆ ಬ್ರಾಡ್‌ಬ್ಯಾಂಡ್‌ನಲ್ಲಿ ಕೂತ ನಿಮಗೆ ಹೊಸ ಸೈಟ್, ಜಿಯೋ ಸಿಮ್‌ನ ಗಿರಾಕಿಗೆ ಹಳೇದು ಎಂಬ ವಿಚಿತ್ರ ಕಾಣಬಹುದು. ಮೊಬೈಲ್ ಡೇಟಾದಲ್ಲೂ ತೆರೆದು ನೋಡಿ. ಫೈಲುಗಳನ್ನು ಮನೆಯಿಂದ ಎಫ್‌ಟಿಪಿಯಲ್ಲಿ ಏರಿಸುವ ಬದಲು ಸರ್ವರ್‌ನಿಂದ ಸರ್ವರ್‌ಗೇ ಸಾಗಿಸಿ. ನಮ್ಮ ಜುಲೈ ಮಳೆಯಲ್ಲಿ ಕರೆಂಟು ಹೋದರೆ ಅರ್ಧ ಏರಿದ ಫೈಲ್ ಯಾವುದೆಂದು ಹುಡುಕುತ್ತ ಕೂರಬೇಕಾಗುತ್ತದೆ.

ಬದಲಿಸಲು ಸೆಪ್ಟೆಂಬರ್ ಶುರುವಿನ ಒಂದು ಮಂಗಳವಾರ ಬೆಳಿಗ್ಗೆ ಸಾಕು, ದಸರಾ ರಜೆಯ ಗಲಾಟೆಗೆ ಇನ್ನೂ ಸಮಯವಿರುತ್ತದೆ. ಸೊಸೈಟಿಯವರು ಅಡಿಕೆ ವ್ಯಾಪಾರದ ಭರಾಟೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಬದಲಿಸಿದ ತಕ್ಷಣ ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್‌ನಲ್ಲಿ 'ಸರ್ಚ್ ಎಂಜಿನ್‌ಗಳು ಬೇಡ' ಎಂಬ ಟಿಕ್ ಉಳಿದಿದೆಯೇ ನೋಡಿ. ಅದೊಂದು ಉಳಿದರೆ ಕೆಲವೇ ವಾರಗಳಲ್ಲಿ ಗೂಗಲ್‌ನಿಂದ ಮಾಯವಾಗುತ್ತೀರಿ. ಪೇಮೆಂಟ್ ಕೀ ಲೈವ್‌ಗೆ ತಿರುಗಿಸಿ, ನಿಲ್ಲಿಸಿದ್ದ ಇಮೇಲ್ ಮತ್ತೆ ಶುರುಮಾಡಿ, ಸಣ್ಣ ಮೊತ್ತದ ಒಂದು ನಿಜವಾದ ಬುಕಿಂಗ್ ಮಾಡಿ ರಸೀದಿ ಬಂತೇ ಪರೀಕ್ಷಿಸಿ. ಮೊದಲಿನ ಪಟ್ಟಿಯ ಪ್ರತಿ ವಿಳಾಸವನ್ನೂ ಒತ್ತಿ ನೋಡಿ, ಎರಡು ವಾರ 404 ಲಾಗ್ ಗಮನಿಸಿ. ಹಳೇ ಹೋಸ್ಟಿಂಗ್‌ಗೆ ಇನ್ನೊಂದು ತಿಂಗಳ ಬಾಡಿಗೆ ಕಟ್ಟಿ. ರದ್ದು ಮಾಡುವ ಮೊದಲು ಇಮೇಲ್ ಪೆಟ್ಟಿಗೆಗಳು ಅಲ್ಲೇ ಉಳಿದಿವೆಯೇ ಎಂದು ಕೇಳಿಕೊಳ್ಳಿ.